300 ಡಿಸ್ಕಿನ ಸಿಡಿ ಚೇಂಜರ್ ನ್ಯೂಜೆರ್ಸಿಯಿಂದ ಧಾರವಾಡಕ್ಕೆ: ವೋಲ್ಟೇಜ್, ಬೆಲ್ಟ್, ಸ್ಲಾಟ್ ನಂಬರ್

ತಂಬೂರಿ_ಶ್ರುತಿ:
ನನ್ನ ಸಿಡಿ ಚೇಂಜರ್ ಸೋನಿ ಸಿಡಿಪಿ-ಸಿಎಕ್ಸ್355, ಅಂದರೆ 300 ಡಿಸ್ಕ್ ಒಳಗಿಟ್ಟುಕೊಂಡು ಬೇಕಾದ್ದನ್ನು ತಾನೇ ಎತ್ತಿ ನುಡಿಸುವ ಪ್ಲೇಯರ್. ಸದ್ಯ ನ್ಯೂಜೆರ್ಸಿಯಲ್ಲಿದೆ, ಧಾರವಾಡದ ಮನೆಗೆ ಸಾಗಿಸಬೇಕು. ಸಿಡಿಗಳು ಸುಮಾರು 280. ಅರ್ಧಕ್ಕಿಂತ ಹೆಚ್ಚು ಹಿಂದೂಸ್ತಾನಿ, ಉಳಿದದ್ದು ಕರ್ನಾಟಕ ಸಂಗೀತ, ಭಾವಗೀತೆ, ದಾಸರ ಪದ. ಇವುಗಳಲ್ಲಿ ಇಪ್ಪತ್ತರಷ್ಟು ಮನೆಯಲ್ಲೇ ಬರ್ನ್ ಮಾಡಿದ ಸಿಡಿ-ಆರ್. ಇವಲ್ಲದೆ ಹತ್ತು ಎಂಪಿ3 ಡಿಸ್ಕು ಬೇರೆ ಇವೆ.

ಈಗಿನ ತೊಂದರೆ ಎರಡು. ಮುಂದಿನ ಬಾಗಿಲು ಒಮ್ಮೊಮ್ಮೆ ಅರ್ಧಕ್ಕೇ ನಿಲ್ಲುತ್ತೆ, ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಪೂರ್ತಿ ತೆರೆಯುತ್ತೆ. ಒರಿಜಿನಲ್ ಸಿಡಿ ಎಲ್ಲ ಓದುತ್ತೆ, ಸಿಡಿ-ಆರ್‌ಗಳಲ್ಲಿ ಕೆಲವನ್ನು ಓದದೆ ಒಳಗಿನ ಚಕ್ರದ ಸ್ಲಾಟಿಗೆ (ಡಿಸ್ಕಿನ ಖಾನೆಗೆ) ವಾಪಸ್ ಹಾಕುತ್ತೆ. 230 ವೋಲ್ಟಿಗೆ ಏನು ಮಾಡಬೇಕು, ರಿಪೇರಿ ಹೊರಡುವ ಮುಂಚೆಯೇ ಮಾಡಿಸಬೇಕೆ, 280 ಡಿಸ್ಕನ್ನು ಯಾವ ಕ್ರಮದಲ್ಲಿ ತುಂಬಿದರೆ ಆಮೇಲೆ ಹುಡುಕಾಟ ತಪ್ಪುತ್ತೆ? ಗೊತ್ತಿದ್ದವರು ತಿಳಿಸಿ.

ವೈಂಡಿಂಗ್_ವೈರ್:
ಮೊದಲು ಕರೆಂಟಿನ ಮಾತು. ಅಲ್ಲಿಯ ಮಾಡೆಲ್ 120 ವೋಲ್ಟ್, 60 ಹರ್ಟ್ಸಿನದು. ಹಿಂಭಾಗದ ಪಟ್ಟಿ ಓದಿ ಖಚಿತ ಮಾಡಿಕೊಳ್ಳಿ. ಇಲ್ಲಿಯ ಸಾಕೆಟ್ಟಿಗೆ ನೇರ ಸಿಕ್ಕಿಸಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಅಲ್ಲೇ ಸುಡುತ್ತೆ. ಚೇಂಜರ್ ತಿನ್ನುವ ಕರೆಂಟ್ ಕಮ್ಮಿ, 230 ವೋಲ್ಟನ್ನು 120ಕ್ಕೆ ಇಳಿಸುವ 100 ವಿಎ (ವೋಲ್ಟ್-ಆಂಪಿಯರ್) ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಒಂದಿದ್ದರೆ ಧಾರಾಳ. ಆದರೆ ಅದು ತಾಮ್ರದ ಸುರುಳಿಯ ನಿಜವಾದ ಟ್ರಾನ್ಸ್‌ಫಾರ್ಮರೇ ಆಗಿರಲಿ. ಅಂಗೈಯಗಲದ, ಹೂವಿನಷ್ಟು ಹಗುರದ 'ಟ್ರಾವೆಲ್ ಕನ್ವರ್ಟರ್' ಸಿಗುತ್ತಲ್ಲ, ಅದು ಹೇರ್ ಡ್ರೈಯರ್, ಇಸ್ತ್ರಿಪೆಟ್ಟಿಗೆಗೆ ಮಾಡಿದ್ದು. ಎಸಿ ಅಲೆಯನ್ನು ಕತ್ತರಿಸಿ ಕೊಡುತ್ತೆ, ಆಡಿಯೋ ಸಾಮಾನಿಗೆ ಅದು ವಿಷ. ಕೈಯಲ್ಲಿ ಹಿಡಿದರೆ ಭಾರ ಅನ್ನಿಸಬೇಕು, ಅದೇ ಸುಲಭದ ಪರೀಕ್ಷೆ.

60ರ ಬದಲು 50 ಹರ್ಟ್ಸ್ ಬಂದರೆ ಹಾಡು ನಿಧಾನವಾಗುತ್ತಾ ಅಂತ ಕೇಳೋರು ಇದ್ದಾರೆ. ಆಗಲ್ಲ. ಒಳಗಿನ ಮೋಟಾರುಗಳೆಲ್ಲ ಡಿಸಿ, ವೇಗ ನಿರ್ಧರಿಸೋದು ಕ್ರಿಸ್ಟಲ್ (ಗಡಿಯಾರದಲ್ಲಿರುವಂಥ ಹರಳು). ಟ್ರಾನ್ಸ್‌ಫಾರ್ಮರ್ ಮಾತ್ರ ಒಂಚೂರು ಹೆಚ್ಚು ಬಿಸಿಯಾಗುತ್ತೆ, ಅದಕ್ಕೇ ಮೇಲೆ ಆಂಪ್ಲಿಫಯರ್ ಪೇರಿಸಬೇಡಿ. ಮನೆಯಲ್ಲಿ ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರೆ ಚೇಂಜರನ್ನು ಆ ಲೈನಿಗೆ ಹಾಕಬೇಡಿ, ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತೆ.

ಸಾಗಣೆಗೆ ಒಂದೇ ನಿಯಮ: ಒಂದು ಡಿಸ್ಕೂ ಒಳಗಿರಬಾರದು. ಚಕ್ರದಲ್ಲಿ ಸಿಡಿಗಳು ರೊಟ್ಟಿ ನಿಲ್ಲಿಸಿದ ಹಾಗೆ ಅಂಚಿನ ಮೇಲೆ ನಿಂತಿರ್ತವೆ, ಅವನ್ನು ಹಿಡಿದಿಡುವ ಕ್ಲಿಪ್ ಏನೂ ಇಲ್ಲ. ಪೆಟ್ಟಿಗೆ ಮಗ್ಗುಲಾದರೆ ನಾಲ್ಕೈದು ಜಾರಿ ಚಕ್ರದ ಕೆಳಗೆ ಸೇರ್ತವೆ. ಆಮೇಲೆ ಪವರ್ ಕೊಟ್ಟಾಗ ಚಕ್ರ ಅವನ್ನು ಅರೆಯುತ್ತೆ. ಎರಡು ಪೆಟ್ಟಿಗೆ, ನಡುವೆ ಸುತ್ತಲೂ 5 ಸೆಂ.ಮೀ. ಫೋಮ್. ಹಡಗಿನಲ್ಲಿ ಬರೋದಾದರೆ ಪ್ಲಾಸ್ಟಿಕ್ ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ.

ಹಳೇ_ಬೆಲ್ಟ್:
ನಿಮ್ಮ ಎರಡು ತೊಂದರೆಗೂ ಸಂಬಂಧವಿಲ್ಲ, ಒಂದೇ ಕಾಯಿಲೆ ಅಂತ ಭಾವಿಸಿ ಲೇಸರ್ ಬದಲಿಸಲು ಹೋಗಬೇಡಿ.

ಬಾಗಿಲು ಅರ್ಧಕ್ಕೆ ನಿಲ್ಲೋದು ಬೆಲ್ಟು. ರಬ್ಬರ್ ವರ್ಷಗಳಲ್ಲಿ ಹಿಗ್ಗುತ್ತೆ, ಮೈ ನುಣುಪಾಗುತ್ತೆ, ಪುಲ್ಲಿ ತಿರುಗುತ್ತೆ, ಬೆಲ್ಟ್ ಜಾರುತ್ತೆ. ಬೆರಳು ತಾಗಿಸಿದರೆ ತೆರೆಯುತ್ತೆ ಅಂದರೆ ಮೋಟಾರ್ ಚೆನ್ನಾಗೇ ಇದೆ. ಇವತ್ತು ಬಾಗಿಲು, ನಾಳೆ ಡಿಸ್ಕ್ ಎತ್ತುವ ತೋಳು. ತೋಳು ಅರ್ಧಕ್ಕೆ ನಿಂತರೆ ಡಿಸ್ಕ್ ಚಕ್ರಕ್ಕೂ ಲೇಸರಿಗೂ ನಡುವೆ ಸಿಕ್ಕಿಬೀಳುತ್ತೆ. ಹಾಗಾಗಿ ಮೇಲಿನ ಮುಚ್ಚಳ ಬಿಚ್ಚಿದಾಗ ಕಣ್ಣಿಗೆ ಬಿದ್ದ ಬೆಲ್ಟ್ ಎಲ್ಲ ಒಟ್ಟಿಗೇ ಬದಲಿಸಿ. ಅಲ್ಲೇ ಮಾಡಿಸಿ ತನ್ನಿ. 230ಕ್ಕೆ ಬಂದಮೇಲೆ ಏನಾದರೂ ಕೆಟ್ಟರೆ ವೋಲ್ಟೇಜ್ ಕಾರಣವೋ ಬೆಲ್ಟ್ ಕಾರಣವೋ ತಿಳಿಯದೆ ಒದ್ದಾಡಬೇಕಾಗುತ್ತೆ.

ಮಾಡೆಲ್ ಹೆಸರಲ್ಲಿ ಬೆಲ್ಟ್ ಸಿಗದಿದ್ದರೆ ಅಳತೆ ಹೀಗೆ: ಹಳೆಯದನ್ನು ಬಿಚ್ಚಿ, ಎಳೆಯದೆ ದಾರದಿಂದ ಒಳಸುತ್ತು ಅಳೆಯಿರಿ. ಅದರಲ್ಲಿ ನೂರಕ್ಕೆ ಐದು ಕಳೆದರೆ ಹೊಸದರ ಅಳತೆ. ಹಳೆಯ ಬೆಲ್ಟಿನ ಅಡ್ಡಕೊಯ್ತ ಚೌಕವಿದ್ದರೆ ಹೊಸದೂ ಚೌಕವೇ ಇರಲಿ, ಅಷ್ಟೇ ದಪ್ಪ ಇರಲಿ. ಬಿಗಿ ಇದ್ದಷ್ಟೂ ಒಳ್ಳೇದು ಅನ್ನೋದು ತಪ್ಪು, ಬಿಗಿಯಾದ ಬೆಲ್ಟ್ ಮೋಟಾರಿನ ಬುಷ್ (ಅಚ್ಚು ತಿರುಗುವ ಬಳೆ) ತಿನ್ನುತ್ತೆ. ಹಾಕುವ ಮುಂಚೆ ಪುಲ್ಲಿಯ ಸುತ್ತಿನ ಕಚ್ಚಿನಲ್ಲಿರುವ ಕಪ್ಪು ಜಿಗುಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಕಿವಿಕಡ್ಡಿಯಲ್ಲಿ ಒರೆಸಿ. ಇದನ್ನು ಬಿಟ್ಟರೆ ಹೊಸ ಬೆಲ್ಟೂ ಒಂದು ತಿಂಗಳಲ್ಲಿ ಜಾರುತ್ತೆ. ಪುಲ್ಲಿಗೆ ಕೈಬೆವರೂ ತಾಗಬಾರದು.

ಸಿಡಿ-ಆರ್ ವಿಚಾರ. ಸಿಡಿ-ಆರ್ ಬೆಳಕನ್ನು ಒರಿಜಿನಲ್ ಸಿಡಿಗಿಂತ ಸ್ವಲ್ಪ ಕಮ್ಮಿ ಹಿಂತಿರುಗಿಸುತ್ತೆ, ಅಳಿಸಿ ಮತ್ತೆ ಬರೆಯುವ ಸಿಡಿ-ಆರ್‌ಡಬ್ಲ್ಯು ಇನ್ನೂ ತೀರಾ ಕಮ್ಮಿ. ಲೆನ್ಸಿನ ಮೇಲೆ ಧೂಳು ಕೂತರೂ, ಲೇಸರ್ ಮುದಿಯಾದರೂ ಮೊದಲು ಮುಷ್ಕರ ಹೂಡೋದು ಇವೇ. ಲೆನ್ಸ್ ಪ್ಲಾಸ್ಟಿಕ್ಕಿನದು, ಸ್ಪ್ರಿಂಗಿನ ಮೇಲೆ ಕೂತಿರುತ್ತೆ. ಕಿವಿಕಡ್ಡಿಗೆ ಒಂದೇ ಹನಿ, ಒತ್ತದೆ ನಡುವಿನಿಂದ ಅಂಚಿಗೆ ಒರೆಸಿ. ಆಮೇಲೂ ಓದದಿದ್ದರೆ ಅದೇ ಡಿಸ್ಕನ್ನು ಬೇರೆ ಪ್ಲೇಯರಿನಲ್ಲಿ ನೋಡಿ. ಅಲ್ಲೂ ಓದದಿದ್ದರೆ ಕೆಟ್ಟಿರೋದು ಡಿಸ್ಕಿನ ಡೈ, ಅಂದರೆ ಹಾಡು ಬರೆದಿರುವ ಬಣ್ಣದ ಪದರ. ಚೇಂಜರನ್ನು ಬೈದು ಪ್ರಯೋಜನವಿಲ್ಲ.

ಲೇಸರ್ ಬದಲಿಸಲೇಬೇಕಾಗಿ ಬಂದರೆ ಇದರದ್ದು ಕೆಎಸ್‌ಎಸ್-213 ಕುಟುಂಬ, ಈಗಲೂ ಸಿಗುತ್ತೆ. ಹಳೆಯದರ ಮೇಲಿನ ಕೊನೆಯ ಅಕ್ಷರವನ್ನೂ ನೋಡಿ ತರಿಸಿ. ಹೊಸ ಪಿಕಪ್ಪಿನ (ಲೇಸರ್, ಲೆನ್ಸ್ ಕೂಡಿದ ಭಾಗದ) ಪುಟ್ಟ ಬೋರ್ಡಿನ ಮೇಲೆ ಸಾಸಿವೆ ಕಾಳಿನಷ್ಟು ಒಂದು ಬೆಸುಗೆ ಚುಕ್ಕೆ ಎರಡು ಗೆರೆಗಳನ್ನು ಸೇರಿಸಿರುತ್ತೆ, ಸ್ಟ್ಯಾಟಿಕ್‌ನಿಂದ ಲೇಸರ್ ಸಾಯದಿರಲಿ ಅಂತ. ರಿಬ್ಬನ್ ಕೇಬಲ್ ಸಿಕ್ಕಿಸಿದ ಮೇಲೆ ಅದನ್ನು ಬಿಸಿ ಮಾಡಿ ತೆಗೆಯಬೇಕು. ತೆಗೆಯದಿದ್ದರೆ ಲೇಸರ್ ಹತ್ತೋದೇ ಇಲ್ಲ. 'ಹೊಸದೂ ಡೆಡ್ ಬಂತು' ಅಂತ ವಾಪಸ್ ಕಳಿಸುವವರಲ್ಲಿ ಈ ಚುಕ್ಕೆ ನೋಡದವರು ಇದ್ದೇ ಇರ್ತಾರೆ. ಪಿಕಪ್ಪಿನ ಪಕ್ಕದ ಚಿಕ್ಕ ತಿರುಪನ್ನು ಮಾತ್ರ ಮುಟ್ಟಬೇಡಿ. ಲೇಸರ್ ಕರೆಂಟ್ ಏರಿಸಿದರೆ ನಾಲ್ಕು ದಿನ ಓದಿ ಪೂರ್ತಿ ಮಲಗುತ್ತೆ.

ಸಾಧನಕೇರಿ_ಸಂಜೆ:
ಚೇಂಜರ್ ರಿಪೇರಿ ಮ್ಯಾಲಿನವ್ರು ಹೇಳ್ಯಾರ, ನಾ ತುಂಬೋ ಮಾತು ಹೇಳ್ತೀನಿ.

ಎಂಪಿ3 ಡಿಸ್ಕ್ ಇದರಾಗ ಓಡಂಗಿಲ್ಲ, ಬರೇ ಆಡಿಯೋ ಸಿಡಿ. ಅವನ್ನ ಆಡಿಯೋ ಸಿಡಿ ಮಾಡ್ತೀನಂತ ಹೋಗಬ್ಯಾಡ್ರಿ. 128 ಕೆಬಿಪಿಎಸ್‌ದ ತುಂಬಿದ ಡಿಸ್ಕ್ ಒಂದರಾಗ 12 ತಾಸಿನ ಹಾಡು ಇರತಾವ, ಅದಕ್ಕ ಒಂಬತ್ತು ಸಿಡಿ, ಒಂಬತ್ತು ಸ್ಲಾಟು ದಂಡ.

ಈ ಮಾಡೆಲ್‌ನಾಗ ಡಿಸ್ಕ್ ವಿಂಗಡಿಸಿಡಲಿಕ್ಕೆ ಎಂಟು ಗ್ರೂಪ್ ಅದಾವ. ಹಗಲು-ರಾತ್ರಿ ಸೇರಿ ಪ್ರಹರನೂ (ಮೂರು ತಾಸಿನ ಹೊತ್ತು) ಎಂಟು. ಹಿಂದೂಸ್ತಾನಿಯೊಳಗ ರಾಗಕ್ಕೊಂದು ಹೊತ್ತು ಇರತದ, ಅದನ್ನ ಇಟ್ಕೊಂಡವರಿಗೆ ಇನ್ನೇನ್ರಿ ಬೇಕು? ಮುಖ್ಯ ರಾಗ ನೋಡಿ ಗ್ರೂಪ್ ಮಾಡ್ರಿ: ಭೈರವ, ತೋಡಿ ಮುಂಜಾನಿ, ಸಾರಂಗ ಮಧ್ಯಾಹ್ನ, ಮಾರವಾ, ಪೂರಿಯಾ ಧನಾಶ್ರೀ ಸಂಜಿಗೆ, ಯಮನ್ ದೀಪ ಹಚ್ಚಿದ ಮ್ಯಾಲೆ, ಮಾಲಕಂಸ ಸರಿರಾತ್ರಿ. ಕರ್ನಾಟಕ ಸಂಗೀತಕ್ಕ, ದಾಸರ ಪದಕ್ಕ ಗ್ರೂಪ್ ಬ್ಯಾಡ, ಸ್ಲಾಟ್ ನಂಬರ್ ಸಾಲು ಸಾಕು: 181ರಿಂದ 240, 241ರಿಂದ 290 ಹಿಂಗ. ಪ್ರತಿ ಸಾಲಿನ ಕೊನಿಗೆ ಐದಾರು ಸ್ಲಾಟ್ ಖಾಲಿ ಬಿಡ್ರಿ. ಬಿಡಲಿಲ್ಲಂದ್ರ ಮುಂದ ಒಂದು ಹೊಸ ಸಿಡಿ ಬಂದ್ರೂ ನೂರು ಸಿಡಿ ಸರಿಸಬೇಕು.

ಹೆಸರು ಹಾಕಲಿಕ್ಕೆ 13 ಅಕ್ಷರ ಕೊಡತದ, ಇಂಗ್ಲಿಷ್ ಲಿಪಿ ಅಷ್ಟ. 'ಭೀಮಸೇನ್ ಯಮನ್' ಬರೆದ್ರ ಏಳು, ನಡುವ ಒಂದು ಖಾಲಿ, ಐದು: ಸರಿಯಾಗಿ 13. 'ಪೂರಿಯಾ ಧನಾಶ್ರೀ' ಒಂದ ಬರೆದ್ರೂ ಹಿಡಸಂಗಿಲ್ಲ. ಅದಕ್ಕ ಗಾಯಕರಿಗೆ ಮೂರಕ್ಷರದ ಗುರ್ತು ಮೊದಲ ಗಟ್ಟಿ ಮಾಡ್ಕೊಂಡು ಕೂಡ್ರಿ. ಜಾಗ್ ಡಯಲ್ (ಅಕ್ಷರ ಆರಿಸೋ ತಿರುಗುಗುಂಡಿ) ತಿರುವಿ ಬರಿಯೂದು ಬ್ಯಾಸರದ ಕೆಲಸ. ಪಿಎಸ್/2 ಅನ್ನೋ ದುಂಡು ಪ್ಲಗ್ಗಿನ ಕಂಪ್ಯೂಟರ್ ಕೀಬೋರ್ಡ್ ಹಚ್ಚೋ ಜಾಗ ಅದ, ಹಳೇ ಕೀಬೋರ್ಡ್ ಒಂದು ಹುಡುಕ್ರಿ.

ಮತ್ತ ಷಫಲ್ ಗುಂಡಿ (ಕ್ರಮ ಬಿಟ್ಟು ಹಾಡು ಎತ್ತೋದು) ಮರ್ತುಬಿಡ್ರಿ. ಕರ್ನಾಟಕ ಸಂಗೀತದಾಗ ಒಂದ ರಾಗದ ರಾಗಂ ತಾನಂ ಪಲ್ಲವಿ ಮೂರು ಟ್ರ್ಯಾಕ್ ಮಾಡಿರತಾರ, ಷಫಲ್ ನಡುವಿನ ತಾನಂ ಒಂದ ಎತ್ತಿ ಹಾಕತದ. ಭಾವಗೀತಿಗೆ ಚಲೋ, ಇಂಥಾದಕ್ಕ, ಖಯಾಲ್‌ಗೆ ಅಲ್ಲ.

ತಂಬೂರಿ_ಶ್ರುತಿ:
ಎಲ್ಲರಿಗೂ ಧನ್ಯವಾದ. ಪ್ರಹರದ ಲೆಕ್ಕ ಹೊಳೆದೇ ಇರಲಿಲ್ಲ. ಇನ್ನೊಂದು: ಹೇಗೂ ಆಪ್ಟಿಕಲ್ ಔಟ್ (ಬೆಳಕಿನ ಕೇಬಲ್ಲಿನ ಡಿಜಿಟಲ್ ಔಟ್‌ಪುಟ್) ಇದೆ, ಚೇಂಜರಿನಿಂದಲೇ ಎಲ್ಲ ಸಿಡಿಯನ್ನೂ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದಾ?

ಹಳೇ_ಬೆಲ್ಟ್:
ಆಗುತ್ತೆ, ಆದರೆ ಹಾಡು ಓಡುವಷ್ಟೇ ಹೊತ್ತು ಹಿಡಿಯುತ್ತೆ. ಡಿಸ್ಕಿಗೆ ಒಂದು ಗಂಟೆ ಅಂದರೂ 280 ಗಂಟೆ, ಹಗಲು ರಾತ್ರಿ ಬಿಡದೆ ಸುಮಾರು ಹನ್ನೆರಡು ದಿನ. ಟ್ರ್ಯಾಕ್ ಹೆಸರುಗಳೂ ಬರಲ್ಲ. ಪ್ಯಾಕ್ ಮಾಡಲು ಡಿಸ್ಕ್ ಹೇಗೂ ಹೊರತೆಗೀತೀರಿ, ಆಗಲೇ ಕಂಪ್ಯೂಟರ್ ಡ್ರೈವಿನಲ್ಲಿ ಫ್ಲ್ಯಾಕ್ (ಗುಣಮಟ್ಟ ಕಳೆಯದೆ ಕುಗ್ಗಿಸಿದ ಫೈಲ್) ಮಾಡಿಕೊಳ್ಳಿ. 60 ನಿಮಿಷದ ಸಿಡಿ ಕುಗ್ಗಿಸದ ವೇವ್ ಫೈಲ್ ಆದರೆ ಸುಮಾರು 635 ಎಂಬಿ, ಫ್ಲ್ಯಾಕ್ ಅದರ ಅರ್ಧದ ಆಸುಪಾಸು. ಒಟ್ಟು 100 ಜಿಬಿ ಹತ್ತಿರ. ಸಿಡಿ-ಆರ್‌ಗಳನ್ನು ಮೊದಲು ಮಾಡಿ, ಅವು ಕಾಯಲ್ಲ.

ಸಾಧನಕೇರಿ_ಸಂಜೆ:
ಸಿಡಿ ಡಬ್ಬಿ ಒಗೀಬ್ಯಾಡ್ರಿ ಮತ್ತ. ಒಂದೊಂದು ಒಂದು ಸೆಂಟಿಮೀಟರ್ ದಪ್ಪ, 280ಕ್ಕ ಮೂರು ಮೀಟರ್ ಕಪಾಟು ಬೇಕಾಗತದ. ಜಾಗ ಇಲ್ಲಂದ್ರ ಒಳಗಿನ ಹಾಳಿಯಷ್ಟ ತಗದು ಫೈಲಿನಾಗ ಹಾಕಿ, ಮೂಲ್ಯಾಗ ಪೆನ್ಸಿಲ್‌ಲೆ ಸ್ಲಾಟ್ ನಂಬರ್ ಬರೀರಿ. ಸಿಡಿ ಮ್ಯಾಲೆ ಮಾತ್ರ ನಂಬರಿನ ಚೀಟಿ ಅಂಟಿಸಬ್ಯಾಡ್ರಿ, ಮಳಿಗಾಲದಾಗ ಅಂಚು ಏಳತದ, ತೋಳಿಗೆ ಸಿಗತದ.