ಲಾರ್ಡ್ ಆಫ್ ದಿ ರಿಂಗ್ಸ್ ಕನ್ನಡದಲ್ಲಿ ಹೇಳುವಾಗ ಹೆಸರುಗಳನ್ನು ಎಂತ ಮಾಡುದು?

ನೀರ್ಚಾಲಿನವ:
ಅಕ್ಕನ ಮಗಳಿಗೆ ರಾತ್ರಿ ಊಟ ಆದ್ಮೇಲೆ ಟೋಲ್ಕಿನ್‌ನ ಲಾರ್ಡ್ ಆಫ್ ದಿ ರಿಂಗ್ಸ್ ಓದಿ ಹೇಳ್ತಾ ಇದ್ದೇನೆ, ಕೈಯಲ್ಲಿ ಇಂಗ್ಲಿಷ್ ಪುಸ್ತಕ, ಬಾಯಲ್ಲಿ ಬರುದು ಕನ್ನಡ. ಕಥೆಗೆ ತೊಂದ್ರೆ ಇಲ್ಲ, ಹೆಸರಿನದ್ದೇ ಪಂಚಾತಿಗೆ. ಕಥಾನಾಯಕ ಫ್ರೋಡೊನ ಮನೆತನ ಬ್ಯಾಗಿನ್ಸ್, ಅವನ ಮನೆ ಬ್ಯಾಗ್ ಎಂಡ್, ಎಲ್ಫ್ ಅನ್ನುವ ಅಮರ ಜನರ ಊರು ರಿವೆಂಡೆಲ್, ಎಲ್ಲ ಹಾಗೇ ಬಿಟ್ರೆ ಅವಳಿಗೆ ಬರೀ ಸೌಂಡ್, ಕನ್ನಡ ಮಾಡಿದ್ರೆ ನಂಗೇ ನಗು ಬರ್ತದೆ. ಮತ್ತೆ ಒಬ್ಬನಿಗೇ ಎಷ್ಟು ಹೆಸರು ಮಾರಾಯ್ರೆ! ಬ್ರೀ ಊರಿನ ಛತ್ರದಲ್ಲಿ ಸ್ಟ್ರೈಡರ್ ಅಂತ ಸಿಕ್ಕಿದವ ಅರಗಾರ್ನ್ ಆದ, ಸಣ್ಣದಿರುವಾಗ ಎಸ್ಟೆಲ್ ಅಂತೆ, ರಾಜ ಆಗುವಾಗ ಎಲೆಸ್ಸಾರ್. ಮೊನ್ನೆ ಅವಳು "ಮಾವ, ಇವ ಬೇರೆಯವನಾ" ಅಂತ ಕೇಳಿದ್ಳು. ಎಲ್ಲ ಕಡೆ ಒಂದೇ ಹೆಸರು ಹೇಳಿ ಮುಗಿಸ್ಲಾ?

ರಿಟೈರ್ಡ್ ಮಾಷ್ಟ್ರು:
ದಯಮಾಡಿ ಹಾಗೆ ಮಾಡ್ಬೇಡಿ, ಪುಸ್ತಕದ ಅರ್ಧ ರುಚಿ ಇರುದೇ ಅಲ್ಲಿ. ಟೋಲ್ಕಿನ್ ಆಕ್ಸ್‌ಫರ್ಡಿನಲ್ಲಿ ಹಳೆ ಇಂಗ್ಲಿಷಿನ ಪ್ರೊಫೆಸರ್ ಆಗಿದ್ದವ್ರು, ಭಾಷೆ ಮೊದ್ಲು ಕಟ್ಟಿ ಅದನ್ನು ಮಾತಾಡುವ ಜನರನ್ನು ಆಮೇಲೆ ಹುಟ್ಟಿಸಿದವ್ರು. ಇಡೀ ಪುಸ್ತಕವೇ ಒಂದು ಅನುವಾದ ಅನ್ನುದು ಅವ್ರ ಆಟ. ಕೊನೆಯ ಪರಿಶಿಷ್ಟದಲ್ಲಿ ನೋಡಿ, ಫ್ರೋಡೊನ ಕುಲದ ಗಿಡ್ಡ ಜನ ಹಾಬಿಟ್‌ಗಳು ಆಡಿದ್ದು ವೆಸ್ಟ್ರಾನ್ ಅನ್ನುವ ಭಾಷೆ, ತಾನು ಅದನ್ನು ಇಂಗ್ಲಿಷಿಗೆ ತಂದದ್ದು ಮಾತ್ರ ಅಂತಾರೆ, ಸ್ಯಾಮ್‌ನ "ನಿಜವಾದ" ಹೆಸರು ಬನಜೀರ್, ಮೆರ್ರಿಯದ್ದು ಕಾಲಿಮಾಕ್. ಕುದುರೆ ಸವಾರರ ನಾಡು ರೋಹನ್‌ನವರ ಭಾಷೆ ಹಾಬಿಟ್‌ಗಳದ್ದಕ್ಕೆ ಹಳೆ ನೆಂಟ, ಅದಕ್ಕೆ ಅಲ್ಲಿ ಹಳೆ ಇಂಗ್ಲಿಷ್, ಅವ್ರ ರಾಜನ ಹೆಸರು ಥೆಯೊಡೆನ್ ಅಂದ್ರೆ ಆ ಭಾಷೆಯಲ್ಲಿ ಒಡೆಯ ಅಂತಲೇ ಅರ್ಥ. ಕುಳ್ಳರ (ಡ್ವಾರ್ಫ್‌ಗಳ) ಹೆಸರುಗಳು, ಮಂತ್ರವಾದಿ ಗ್ಯಾಂಡಾಲ್ಫ್ ಅನ್ನುದು ಕೂಡ, ವೊಲುಸ್ಪಾ ಅನ್ನುವ ಹಳೆ ನಾರ್ಸ್ ಪದ್ಯದಿಂದ ಎತ್ತಿದ್ದು.
ಆದ್ರಿಂದ ಇಂಗ್ಲಿಷಿನಲ್ಲಿ ಅರ್ಥ ಇರುವ ಹೆಸರು ಕನ್ನಡ ಮಾಡಿ, ಎಲ್ಫ್‌ಗಳ ಹೆಸರು ಮುಟ್ಬೇಡಿ. ಇದು ನನ್ನ ತಲೆಯಿಂದ ಬಂದದ್ದಲ್ಲ. 1956ರಲ್ಲಿ ಡಚ್ ಅನುವಾದ ಆಗುವಾಗ ಟೋಲ್ಕಿನ್ ಹೆಸರು ಮುಟ್ಟುದೇ ಬೇಡ ಅಂತ ಹಾರಾಡಿದ್ರು, ಆಮೇಲೆ ಸ್ವೀಡಿಷ್‌ನದ್ದು ನೋಡಿ ಇನ್ನೂ ಸಿಟ್ಟು, ಕಡೆಗೆ ಅನುವಾದಕರಿಗೇ ಅಂತ ಒಂದೊಂದು ಹೆಸರಿಗೂ ಟಿಪ್ಪಣಿ ಬರ್ದು ಇದ್ರಲ್ಲಿರುವುದನ್ನು ಅರ್ಥ ನೋಡಿ ಬದಲಿಸಿ, ಉಳಿದದ್ದು ಹಾಗೇ ಬಿಡಿ ಅಂದ್ರು. ಅಚ್ಚಾದದ್ದು 1975ರಲ್ಲಿ, ಅವ್ರು ತೀರಿ ಹೋದ್ಮೇಲೆ. ಜರ್ಮನ್‌ನವರು ಬ್ಯಾಗಿನ್ಸನ್ನು ಬಾಯ್ಟ್ಲಿನ್ ಮಾಡಿದ್ದಾರೆ, ಅವ್ರಲ್ಲಿ ಚೀಲಕ್ಕೆ ಬಾಯ್ಟೆಲ್ ಅಂತಾರೆ.
ರೋಹನ್‌ನವರಿಗೆ ನೀವು ಹಳೆಗನ್ನಡ ಹಾಕ್ಬಹುದು.

ಉಪ್ಪಳದವಳು:
ಹಳೆಗನ್ನಡ ಹಾಕಿದ್ರೆ ಥೆಯೊಡೆನ್ ಕುದುರೆ ಇಳಿದು "ಭಳಿರೇ" ಹೇಳುದೊಂದು ಬಾಕಿ ಮಾಷ್ಟ್ರೆ, ಮಗು ನಿದ್ರೆ ಬಿಟ್ಟು ಕುಣಿತದೆ 😄
ಆದ್ರೆ ಬ್ಯಾಗ್ ಎಂಡ್‌ಗೆ ನಮ್ಮಲ್ಲಿ ರೆಡಿಮೇಡ್ ಉಂಟು, ಗೋಣಿಮೂಲೆ. ನಮ್ಮ ಕಡೆ ಮನೆ ಹೆಸರೇ ಜನರ ಹೆಸರಿಗೆ ಅಂಟುದಲ್ವಾ, ಗೋಣಿಮೂಲೆ ಬಿಲ್ಬೊ, ಗೋಣಿಮೂಲೆ ಫ್ರೋಡೊ, ಎಷ್ಟು ಸಲೀಸು! ಆ ಮನೆ ಮೇಲೆ ಕಣ್ಣು ಹಾಕಿ ಕೂತ ಲೊಬೇಲಿಯತ್ತೆ, ಕೊಡೆಯೊಳಗೆ ಸಣ್ಣ ಸಣ್ಣ ಸಾಮಾನು ಇಳಿಸಿಕೊಂಡು ಹೊರಟವಳು, ಅವಳಂತೂ ಯಾವ ಅನುವಾದವೂ ಬೇಡದೆ ಅರ್ಥ ಆಗ್ತಾಳೆ. ರಿವೆಂಡೆಲ್ ಅಂದ್ರೆ ಸೀಳಿದ ಕಣಿವೆ, ಸೀಳುಗುಂಡಿ ಅಂದ್ರೆ ಯಾರೋ ಬಾವಿ ತೋಡಿ ಅರ್ಧಕ್ಕೆ ಬಿಟ್ಟ ಹಾಗೆ ಕೇಳ್ತದೆ, ಅಲ್ಲಿ ಎಲ್ಫ್‌ಗಳ ಇಮ್ಲಾಡ್ರಿಸ್ ಅಂತಲೇ ಹೇಳಿ, ಟೋಲ್ಕಿನ್ನೇ ಅದಕ್ಕೆ ಒಪ್ಪಿದ್ದಾರೆ.
ತುಂಬ ಹೆಸರಿನ ವಿಷ್ಯ, ಯಾರು ಕರೀತಾರೆ ಅನ್ನುದ್ರ ಮೇಲೆ ಹೆಸರು ಬದಲಾಗುದು ಅಷ್ಟೆ. ನಾವು ಕುಂಬಳೆ ಅಂತೇವೆ, ಮಲಯಾಳದವ್ರು ಕುಂಬಳ, ನಮ್ಮ ಬದಿಯಡ್ಕ ಅವ್ರಿಗೆ ಬದಿಯಡುಕ್ಕ, ಬಸ್ಸು ಹೋಗುದು ಒಂದೇ ಕಡೆ. ಕಾಸ್ರೋಡಿನ ಮಗುವಿಗೆ ಇದು ಲಂಡನ್‌ನ ಮಗುವಿಗಿಂತ ಬೇಗ ಹೊಳೀತದೆ. ಸ್ಟ್ರೈಡರ್ ಅನ್ನುದು ಬ್ರೀಯವ್ರು ತಾತ್ಸಾರದಲ್ಲಿ ಕರ್ದ ಹೆಸರು, ದಾಪುಗಾಲ ಅಂತ ಮಾಡಿ. ಆಮೇಲೆ ಅವ ಅದೇ ಅಡ್ಡಹೆಸರನ್ನು ಎಲ್ಫ್‌ಗಳ ಹಳೆ ಭಾಷೆ ಕ್ವೆನ್ಯಾಕ್ಕೆ ತಿರುಗಿಸಿ ಟೆಲ್ಕೊಂಟಾರ್ ಅಂತ ತನ್ನ ರಾಜವಂಶಕ್ಕೇ ಇಡ್ತಾನೆ, ಆಗ ಮಗುವಿಗೆ ಕಿಕ್ ಸಿಗ್ತದೆ.

ಚಂದ್ರಗಿರಿ ದಡ:
ಹೆಸರು ಬಿಡಿ, ನೀನು-ನೀವು ಎಂತ ಮಾಡಿದ್ರಿ? ಅದೇ ಪರಿಶಿಷ್ಟದಲ್ಲಿ ಉಂಟು, ವೆಸ್ಟ್ರಾನ್‌ನಲ್ಲಿ ನಮ್ಮ ಹಾಗೇ ಎರಡು ಇತ್ತು, ಹಾಬಿಟ್‌ಗಳ ನಾಡು ಶೈರ್‌ನ ಮಾತಲ್ಲಿ ಮರ್ಯಾದೆಯದ್ದು ಬಿದ್ದು ಹೋಗಿತ್ತು ಅಂತ. ಹಾಗಾಗಿ ಹಾಬಿಟ್ ಪಿಪ್ಪಿನ್ ಮನುಷ್ಯರ ರಾಜಧಾನಿ ಮಿನಾಸ್ ತಿರಿತ್‌ಗೆ ಹೋಗಿ ಮೊದಲ ದಿನಗಳಲ್ಲಿ ಸಿಕ್ಕಿಸಿಕ್ಕಿದವ್ರಿಗೆಲ್ಲ, ದೊರೆ ಡೆನೆಥೋರನಿಗೂ ಸಹ, ನೀನು ಅಂತಲೇ ಮಾತಾಡಿದ್ದು, ಆಳುಗಳು ಕಂಗಾಲು, ಊರಲ್ಲಿ ಇವ ಯಾವುದೋ ದೇಶದ ರಾಜಕುಮಾರನೇ ಇರ್ಬೇಕು ಅಂತ ಸುದ್ದಿ. ಇಂಗ್ಲಿಷಿನಲ್ಲಿ ಇದನ್ನು ತೋರಿಸ್ಲಿಕ್ಕೆ ದಾರಿ ಇಲ್ಲದೆ ಪಾಪ ಟೋಲ್ಕಿನ್ ಪುಸ್ತಕದ ಹಿಂದೆ ಟಿಪ್ಪಣಿ ಹಾಕಿದ್ದು. ಕನ್ನಡದಲ್ಲಿ ಬಾಯಿ ಬಿಟ್ಟ ಕೂಡ್ಲೇ ಗೊತ್ತಾಗ್ತದೆ. ಇಷ್ಟು ಒಳ್ಳೆ ಚಾನ್ಸ್ ಬಿಟ್ಟು ನೀವು ಗೋಣಿ ಹೊಲೀತಾ ಕೂತಿದ್ದೀರಲ್ಲ!

ನೀರ್ಚಾಲಿನವ:
ಇದು ಸೂಪರ್. ಆದ್ರೆ ಹಾಗಾದ್ರೆ ಸ್ಯಾಮ್ ಫ್ರೋಡೊನಿಗೆ ನೀನು ಅನ್ಬೇಕಾಗ್ತದಲ್ಲ? ತೋಟದ ಕೆಲ್ಸದವ ಧನಿಗೆ ನೀನು ಅಂದ್ರೆ ನನ್ನ ಅಮ್ಮ ಒಳಗಿಂದ ಎದ್ದು ಬಂದು ಪುಸ್ತಕ ಕಿತ್ಕೊಳ್ತಾರೆ.

ಚಂದ್ರಗಿರಿ ದಡ:
ಅದಕ್ಕೂ ದಾರಿ ಉಂಟು. ಹಳ್ಳಿಯವ್ರಲ್ಲಿ, ಮುಖ್ಯವಾಗಿ ಶೈರ್‌ನ ಪಶ್ಚಿಮ ಭಾಗ ವೆಸ್ಟ್‌ಫಾರ್ದಿಂಗ್ ಕಡೆ, ಆ ಮರ್ಯಾದೆಯ ರೂಪ ಪ್ರೀತಿಗೆ ಅಂತ ಉಳಿದಿತ್ತು ಅಂತ ಅಲ್ಲೇ ಬರ್ದಿದ್ದಾರೆ. ಸ್ಯಾಮ್‌ನ ಹಾಬಿಟನ್ ಇರುದು ವೆಸ್ಟ್‌ಫಾರ್ದಿಂಗ್‌ನಲ್ಲೇ. ಧೈರ್ಯದಲ್ಲಿ ನೀವು ಹಾಕಿ, ಅಮ್ಮನಿಗೂ ಸಮಾಧಾನ.

ಉಪ್ಪಳದವಳು:
ಉಂಗುರಕ್ಕೆ ಮರುಳಾದ ಗೊಲ್ಲಮ್ ಬರುವಾಗ ನಿಮ್ಗೆ ಉಂಟು ಹಬ್ಬ. ಅವ ತನ್ನನ್ನು ತಾನು ನಾವು ಅಂತ ಹೇಳ್ಕೊಳ್ಳುದು, ಕನ್ನಡದಲ್ಲಿ ಅದು ಸ್ವಾಮೀಜಿ ಆಶೀರ್ವಚನ ಕೊಟ್ಟ ಹಾಗೆ ಆಗ್ತದೆ. ನಾನು ಆದ್ರೆ ಅವನ ಮಾತು ಮಾತ್ರ ತುಳುವಿನಲ್ಲಿ ಹೇಳ್ತೇನೆ. ಉಂಗುರದ ಹತ್ರ ಗುಟ್ಟಲ್ಲಿ ಮಾತಾಡುವಾಗ "ನಮ", ಅದ್ರಲ್ಲಿ ಕೇಳುವವನೂ ಸೇರಿದ. ಫ್ರೋಡೊ, ಸ್ಯಾಮ್ ಹತ್ರ ಮಾತಾಡುವಾಗ "ಎಂಕುಲು", ಅವ್ರಿಬ್ರೂ ಹೊರಗೆ. ಎಂದಾದ್ರೂ ಫ್ರೋಡೊನ ಎದುರು ಅವನ ಬಾಯಿಂದ "ನಮ" ಬಂದ್ರೆ ಸ್ಯಾಮ್‌ಗೆ ಮೈ ಉರೀಬೇಕು.