ಅಮೆರಿಕದ ಕಾರ್ಡಿನಿಂದ ಚಾರ್ಜ್‌ಬ್ಯಾಕ್: ಪಾರ್ಸೆಲ್ ತಲುಪಿದ ದಾಖಲೆ ಇದ್ದರೆ ಸಾಕೇ?

ಪ್ರಶ್ನೆ (ಚನ್ನಪಟ್ಟಣದ ಬೊಂಬೆ ಅಂಗಡಿ)

ಎಲ್ಲರಿಗೂ ನಮಸ್ಕಾರ. ನಾವು ಚನ್ನಪಟ್ಟಣದ ಮರದ ಬೊಂಬೆಗಳನ್ನು ನಮ್ಮದೇ ವೆಬ್‌ಸೈಟಿನ ಮೂಲಕ ಮಾರುತ್ತೇವೆ. ಆಗಸ್ಟ್‌ನಲ್ಲಿ ನ್ಯೂಜೆರ್ಸಿಯ ಗ್ರಾಹಕರೊಬ್ಬರು ಅಮೆರಿಕದ ವೀಸಾ ಕ್ರೆಡಿಟ್ ಕಾರ್ಡಿನಿಂದ 18,400 ರೂಪಾಯಿ ಪಾವತಿಸಿ ಬೊಂಬೆಗಳನ್ನು ತರಿಸಿಕೊಂಡರು. ಪಾರ್ಸೆಲ್ ತಲುಪಿದ್ದಕ್ಕೆ ಕೊರಿಯರ್‌ನವರ ಬಳಿ ಸಹಿ ಇದೆ. ಈಗ ಅಕ್ಟೋಬರ್‌ನಲ್ಲಿ, ಆ ವ್ಯವಹಾರದ ಮೇಲೆ ಚಾರ್ಜ್‌ಬ್ಯಾಕ್ (ಕಾರ್ಡುದಾರರು ತಮ್ಮ ಬ್ಯಾಂಕಿಗೆ ದೂರಿ ಹಣ ವಾಪಸ್ ಪಡೆಯುವುದು) ದಾಖಲಾಗಿದೆ, ಕಾರಣದ ಸಂಖ್ಯೆ 10.4, ಏಳು ದಿನಗಳೊಳಗೆ ಉತ್ತರಿಸಬೇಕು ಎಂದು ಪೇಮೆಂಟ್ ಗೇಟ್‌ವೇಯವರು (ನಮ್ಮ ಆನ್‌ಲೈನ್ ಪಾವತಿಗಳನ್ನು ನಡೆಸಿಕೊಡುವ ಕಂಪನಿ) ಮೇಲ್ ಕಳುಹಿಸಿದ್ದಾರೆ. ಅಷ್ಟು ಮೊತ್ತವನ್ನು ನಮಗೆ ಬರಬೇಕಾದ ಹಣದಲ್ಲಿ ಆಗಲೇ ಹಿಡಿದುಕೊಂಡಿದ್ದಾರೆ. ಡೆಲಿವರಿಯ ದಾಖಲೆಯನ್ನು ಕಳುಹಿಸಿದರೆ ಸಾಕೇ? ಅಥವಾ ಗ್ರಾಹಕರಿಗೆ ರಿಫಂಡ್ ಮಾಡಿ ಮುಗಿಸುವುದು ಒಳ್ಳೆಯದೇ? ಭಾರತದ ಕಾರ್ಡುಗಳಿಂದ ಇಂಥ ದೂರು ನಮಗೆ ಇದುವರೆಗೆ ಬಂದಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಪಾವತಿ ವಿವಾದಗಳ ವಿಭಾಗದ ಉದ್ಯೋಗಿ, ಬೆಂಗಳೂರು)

ಮೊದಲು ಎರಡನೆಯ ಪ್ರಶ್ನೆಗೆ ಉತ್ತರ: ಈಗ ಯಾವ ಕಾರಣಕ್ಕೂ ರಿಫಂಡ್ ಮಾಡಬೇಡಿ. ಚಾರ್ಜ್‌ಬ್ಯಾಕ್ ದಾಖಲಾದ ಕೂಡಲೇ ಗ್ರಾಹಕರ ಬ್ಯಾಂಕು ವೀಸಾ ಜಾಲದ ಮೂಲಕ ನಿಮ್ಮ ಕಡೆಯ ಬ್ಯಾಂಕಿನಿಂದ ಹಣವನ್ನು ಹಿಂಪಡೆಯುತ್ತದೆ. ಅದರ ಮೇಲೆ ನೀವೂ ರಿಫಂಡ್ ಮಾಡಿದರೆ ಒಂದೇ ಮೊತ್ತ ಎರಡು ಸಲ ಹೋಗುತ್ತದೆ, ಅದನ್ನು ಮರಳಿ ಪಡೆಯುವುದು ಬಹಳ ಕಷ್ಟ. ದೂರು ನ್ಯಾಯವಾದದ್ದು ಎಂದು ನಿಮಗೆ ಅನ್ನಿಸಿದರೆ ಗೇಟ್‌ವೇಯ ಡ್ಯಾಶ್‌ಬೋರ್ಡಿನಲ್ಲಿ ಚಾರ್ಜ್‌ಬ್ಯಾಕನ್ನು ಒಪ್ಪಿಕೊಂಡರೆ ಸಾಕು.

ಇನ್ನು ಮುಖ್ಯ ವಿಷಯ. 10.4 ಎಂದರೆ ಕಾರ್ಡು ಎದುರಿಗಿಲ್ಲದೆ ನಡೆದ ವ್ಯವಹಾರದಲ್ಲಿ ವಂಚನೆ, ಅಂದರೆ ಕಾರ್ಡುದಾರರು "ಈ ಖರೀದಿಯನ್ನು ನಾನು ಮಾಡಿಯೇ ಇಲ್ಲ" ಎಂದು ಹೇಳುತ್ತಿದ್ದಾರೆ. ಸರಕು ಬಂದಿಲ್ಲ ಎನ್ನುವ ದೂರಿನ ಸಂಖ್ಯೆ 13.1, ಅದಕ್ಕಾದರೆ ಕೊರಿಯರ್ ಸಹಿಯೇ ಬಲವಾದ ಉತ್ತರ. ಆದರೆ ಕದ್ದ ಕಾರ್ಡಿನಿಂದ ತರಿಸಿದ ಪಾರ್ಸೆಲ್ಲೂ ಯಾರದೋ ಮನೆಗೆ ತಲುಪಿಯೇ ಇರುತ್ತದಲ್ಲವೇ? ಆದ್ದರಿಂದ ತಲುಪಿದ ದಾಖಲೆಯೊಂದನ್ನೇ ಕಳುಹಿಸಿದರೆ ಯಾರೂ ಕೇಳದ ಪ್ರಶ್ನೆಗೆ ನೀವು ಉತ್ತರಿಸಿದಂತಾಗುತ್ತದೆ. ಸಣ್ಣ ವ್ಯಾಪಾರಿಗಳು ಪ್ರಾಮಾಣಿಕರಾಗಿದ್ದೂ ಸೋಲುವುದು ಹೆಚ್ಚಾಗಿ ಇಲ್ಲಿಯೇ, ಮತ್ತು ಅದನ್ನು ನೋಡಿದಾಗಲೆಲ್ಲ ನನಗೆ ನಿಜಕ್ಕೂ ಬೇಸರವಾಗುತ್ತದೆ. ಕಾರ್ಡುದಾರರೇ ಖರೀದಿ ಮಾಡಿದ್ದಾರೆ ಎಂಬುದನ್ನು ನೀವು ತೋರಿಸಬೇಕು.

ಈ ಗ್ರಾಹಕರು ಅದೇ ಕಾರ್ಡಿನಿಂದ ನಿಮ್ಮಲ್ಲಿ ಹಿಂದೆ ಖರೀದಿಸಿದ್ದರೇ? 2023ರ ಏಪ್ರಿಲ್‌ನಿಂದ ವೀಸಾ ಜಾರಿಗೆ ತಂದ ನಿಯಮದ ಪ್ರಕಾರ, ವಿವಾದದ ದಿನಕ್ಕಿಂತ 120ರಿಂದ 365 ದಿನ ಹಿಂದಿನ, ವಂಚನೆಯ ದೂರು ಬಾರದ ಎರಡು ವ್ಯವಹಾರಗಳನ್ನು ತೋರಿಸಿ, ಅವುಗಳ ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ), ಸಾಧನದ (ಫೋನ್ ಅಥವಾ ಕಂಪ್ಯೂಟರಿನ) ಗುರುತು, ಲಾಗಿನ್ ಹೆಸರು, ಡೆಲಿವರಿ ವಿಳಾಸ ಇವುಗಳಲ್ಲಿ ಕನಿಷ್ಠ ಎರಡು ಅಂಶಗಳು ಈಗಿನ ವ್ಯವಹಾರದೊಂದಿಗೆ ತಾಳೆಯಾಗುತ್ತವೆ ಎಂದು ಸಾಬೀತುಪಡಿಸಿದರೆ, ನಷ್ಟದ ಹೊಣೆ ಗ್ರಾಹಕರ ಬ್ಯಾಂಕಿಗೆ ಹೋಗುತ್ತದೆ. ತಾಳೆಯಾಗುವ ಅಂಶಗಳಲ್ಲಿ ಒಂದು ಐಪಿ ವಿಳಾಸ ಅಥವಾ ಸಾಧನದ ಗುರುತು ಆಗಿರಲೇಬೇಕು. ನಿಮ್ಮ ವೆಬ್‌ಸೈಟ್ ವೂಕಾಮರ್ಸ್ ಎಂಬ ಆನ್‌ಲೈನ್ ಅಂಗಡಿಯ ತಂತ್ರಾಂಶದಲ್ಲಿದ್ದರೆ ಪ್ರತಿ ಆರ್ಡರಿನ ಪುಟದಲ್ಲಿ ಗ್ರಾಹಕರ ಐಪಿ ವಿಳಾಸ ದಾಖಲಾಗಿರುತ್ತದೆ, ಇಂದೇ ತೆಗೆದಿಟ್ಟುಕೊಳ್ಳಿ.

ಉತ್ತರ 2 (ರೇಷ್ಮೆ ಸೀರೆಗಳ ಆನ್‌ಲೈನ್ ಮಾರಾಟಗಾರ್ತಿ, ಮೈಸೂರು)

ಭಾರತದ ಕಾರ್ಡುಗಳಿಂದ ಇಂಥ ದೂರು ಬಂದಿಲ್ಲ ಎಂದಿದ್ದೀರಿ, ಅದಕ್ಕೆ ಕಾರಣವಿದೆ. ಆನ್‌ಲೈನ್ ಪಾವತಿಗೆ ಎರಡನೆಯ ದೃಢೀಕರಣ ಬೇಕೆಂದು ರಿಸರ್ವ್ ಬ್ಯಾಂಕ್ 2009ರಲ್ಲಿಯೇ ಕಡ್ಡಾಯ ಮಾಡಿದೆ. ಒಟಿಪಿ ಹಾಕಿ ಮಾಡಿದ ಪಾವತಿಯನ್ನು ಆಮೇಲೆ "ನನ್ನದಲ್ಲ" ಎಂದರೂ ಆ ನಷ್ಟ ಸಾಮಾನ್ಯವಾಗಿ ವ್ಯಾಪಾರಿಯ ಮೇಲೆ ಬೀಳುವುದಿಲ್ಲ. ಹೊರದೇಶದ ಬ್ಯಾಂಕು ಕೊಟ್ಟ ಕಾರ್ಡಿಗೆ ಈ ಕಟ್ಟಳೆ ಇಲ್ಲ, ಅಮೆರಿಕದಲ್ಲಂತೂ ಕಾರ್ಡಿನ ಸಂಖ್ಯೆ ಮತ್ತು ಹಿಂಬದಿಯ ಮೂರು ಅಂಕಿಗಳಿಂದಲೇ ಪಾವತಿ ನಡೆದುಹೋಗುವುದು ಸಾಮಾನ್ಯ. ಹಾಗಾಗಿ ವಿದೇಶಿ ಕಾರ್ಡುಗಳಿಗೂ ತ್ರೀಡಿ ಸೆಕ್ಯೂರ್ ದೃಢೀಕರಣವನ್ನು (ಪಾವತಿಸುವವರು ಕಾರ್ಡುದಾರರೇ ಎಂದು ಅವರ ಬ್ಯಾಂಕು ಒಟಿಪಿಯಂಥ ಹಂತದಿಂದ ಖಚಿತಪಡಿಸಿಕೊಳ್ಳುವುದು) ಕೇಳುವಂತೆ ನಿಮ್ಮ ಗೇಟ್‌ವೇಯವರಿಗೆ ಹೇಳಿ ಮಾಡಿಸಿಕೊಳ್ಳಿ. ಕೆಲವು ಗ್ರಾಹಕರು ಆ ಹಂತದಲ್ಲಿ ಬೇಸರಪಟ್ಟು ಬಿಟ್ಟುಹೋಗುತ್ತಾರೆ ಎಂಬುದು ನಿಜ. ಆದರೂ ದೊಡ್ಡ ಮೊತ್ತದ ಆರ್ಡರುಗಳಿಗೆ ಅದು ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಸರಕು ಬಂದಿಲ್ಲ, ಹೇಳಿದಂತಿಲ್ಲ ಎನ್ನುವ ದೂರುಗಳಿಗೆ ಈ ರಕ್ಷಣೆ ಸಲ್ಲುವುದಿಲ್ಲ. ನಮ್ಮ ಅಂಗಡಿಯಲ್ಲಿ ಸೀರೆಯ ಬಣ್ಣ ಫೋಟೋದಲ್ಲಿರುವಂತಿಲ್ಲ ಎನ್ನುವ ದೂರೇ ಹೆಚ್ಚು. ಹಗಲು ಬೆಳಕಿನಲ್ಲಿ ತೆಗೆದ ಚಿತ್ರವನ್ನು ಪ್ಯಾಕಿಂಗಿಗೆ ಮುಂಚೆ ಗ್ರಾಹಕರಿಗೆ ವಾಟ್ಸಾಪಿನಲ್ಲಿ ಕಳುಹಿಸಿ, ಅವರ ಒಪ್ಪಿಗೆಯನ್ನು ಉಳಿಸಿಟ್ಟುಕೊಳ್ಳುತ್ತೇವೆ.

ಇನ್ನೊಂದು ಮಾತು. ಗ್ರಾಹಕರ ಕಾರ್ಡ್ ಸ್ಟೇಟ್‌ಮೆಂಟಿನಲ್ಲಿ ನಿಮ್ಮ ಹೆಸರು ಹೇಗೆ ಬರುತ್ತದೆ ಎಂದು ವಿಚಾರಿಸಿ. ಅಂಗಡಿಗೆ ಒಂದು ಹೆಸರು, ಬ್ಯಾಂಕ್ ಖಾತೆಗೆ ಮಾಲೀಕರ ಹೆಸರು ಇದ್ದರೆ, ತಿಂಗಳ ನಂತರ ಸ್ಟೇಟ್‌ಮೆಂಟ್ ನೋಡುವವರಿಗೆ ಇದು ಯಾರಿಗೆ ಕೊಟ್ಟ ಹಣವೆಂದೇ ತಿಳಿಯುವುದಿಲ್ಲ, ಮನೆಯಲ್ಲಿ ಬೇರೊಬ್ಬರು ಅದೇ ಕಾರ್ಡಿನಿಂದ ತರಿಸಿದ್ದರಂತೂ ವಂಚನೆಯೆಂದೇ ಭಾವಿಸಿ ಬ್ಯಾಂಕಿಗೆ ಕರೆ ಮಾಡುತ್ತಾರೆ. ನಿಮ್ಮ ಪ್ರಕರಣವೂ ಹಾಗೆಯೇ ಆಗಿರಬಹುದು. ಒಮ್ಮೆ ಗ್ರಾಹಕರಿಗೆ ಸೌಜನ್ಯದಿಂದ ಬರೆದು ನೋಡಿ.

ಪ್ರಶ್ನೆ ಕೇಳಿದವರ ಮರುಮಾತು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಹುಡುಕಿದಾಗ ಇದೇ ಗ್ರಾಹಕರು ಸಂಕ್ರಾಂತಿಗೆ ಒಮ್ಮೆ, ಮಾರ್ಚಿಯಲ್ಲಿ ಮತ್ತೊಮ್ಮೆ ಬೊಂಬೆ ತರಿಸಿಕೊಂಡದ್ದು ಸಿಕ್ಕಿತು. ಡೆಲಿವರಿ ವಿಳಾಸ ಮೂರರಲ್ಲಿಯೂ ಒಂದೇ. ಐಪಿ ವಿಳಾಸವೂ ಒಂದೇ ಇದೆ. ಗ್ರಾಹಕರಿಗೆ ಬರೆದಿದ್ದೇವೆ. ಅವರು ತಮ್ಮದೇ ಖರೀದಿ ಎಂದು ಒಪ್ಪಿಕೊಂಡರೆ ಉತ್ತರ ಕೊಡುವ ಅಗತ್ಯ ಇರುವುದಿಲ್ಲವೇ?

ಉತ್ತರ 3 (ಪಾವತಿ ವಿವಾದಗಳ ವಿಭಾಗದ ಉದ್ಯೋಗಿ, ಬೆಂಗಳೂರು)

ಅಗತ್ಯ ಇದ್ದೇ ಇದೆ. ಗ್ರಾಹಕರು ಬಾಯಿಮಾತಿನಲ್ಲಿ ಒಪ್ಪಿಕೊಂಡರೂ ನೀವು ಗಡುವಿನೊಳಗೆ ಉತ್ತರಿಸದಿದ್ದರೆ ಪ್ರಕರಣ ನಿಮ್ಮ ವಿರುದ್ಧವೇ ಮುಗಿಯುತ್ತದೆ. ಅವರು ತಮ್ಮ ಬ್ಯಾಂಕಿಗೆ ತಿಳಿಸಿ ದೂರನ್ನು ಹಿಂಪಡೆಯಲಿ, ನಿಮಗೂ ಒಂದು ಮೇಲ್ ಬರೆದುಕೊಡಲಿ; ಆ ಮೇಲನ್ನೂ ದಾಖಲೆಗಳೊಂದಿಗೆ ಸೇರಿಸಿ. ಎರಡೂ ಹಳೆಯ ಆರ್ಡರುಗಳು 120 ದಿನಗಳಿಗಿಂತ ಹಿಂದಿನವು, ವರ್ಷದೊಳಗಿನವು, ಆದ್ದರಿಂದ ಅವಧಿಯ ಷರತ್ತು ಪೂರೈಸುತ್ತದೆ. ಮೂರೂ ಪಾವತಿಗಳು ಒಂದೇ ಕಾರ್ಡಿನವು ಎಂಬುದನ್ನು ಮಾತ್ರ ಗೇಟ್‌ವೇಯ ವಿವರಗಳಲ್ಲಿ ಖಚಿತಪಡಿಸಿಕೊಳ್ಳಿ.

ಉತ್ತರವನ್ನು ಇಂಗ್ಲಿಷಿನಲ್ಲಿ ಒಂದೇ ಪುಟದಲ್ಲಿ ಬರೆಯಿರಿ. ಅಂಗಡಿಯ ಕಷ್ಟ, ಕುಶಲಕರ್ಮಿಗಳ ಶ್ರಮ ಇವೆಲ್ಲ ಸತ್ಯವಾದರೂ ಅಲ್ಲಿ ಬರೆಯಬೇಡಿ, ಓದುವವರು ನಿಯಮವನ್ನು ಮಾತ್ರ ನೋಡುತ್ತಾರೆ. ಮೇಲೆ ಮೂರು ಆರ್ಡರುಗಳ ದಿನಾಂಕ, ಮೊತ್ತ, ಐಪಿ ವಿಳಾಸ, ಡೆಲಿವರಿ ವಿಳಾಸಗಳ ಪಟ್ಟಿ ಇರಲಿ, ಅದರ ಕೆಳಗೆ ಇನ್‌ವಾಯ್ಸ್, ಕೊನೆಯಲ್ಲಿ ಕೊರಿಯರ್ ಸಹಿ. ಏಳನೆಯ ದಿನದವರೆಗೆ ಕಾಯದೆ ನಾಳೆಯೇ ಅಪ್‌ಲೋಡ್ ಮಾಡಿ. ಯಾವುದಾದರೂ ಕಾಗದ ಸಾಲದೆಂದು ಗೇಟ್‌ವೇಯವರು ಹೇಳಿದರೆ ಸರಿಪಡಿಸಲು ಸಮಯ ಉಳಿದಿರುತ್ತದೆ.