ಫ್ಲೇಂಜ್ ಇಲ್ಲದ ಹಳೆಯ ಹಿತ್ತಾಳೆ ಪೋರ್ಟ್ರೇಟ್ ಲೆನ್ಸ್: 5×7 ಕ್ಯಾಮೆರಾಗೆ ಅಳವಡಿಸುವ ಬಗೆ

ಮಲೆನಾಡಿಗ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ವಹಿವಾಟು ನಿಲ್ಲಿಸಿದ ಹಳೆಯ ಸ್ಟುಡಿಯೋ ಒಂದರ ಸಾಮಾನುಗಳ ಜೊತೆಯಲ್ಲಿ ದೊಡ್ಡ ಹಿತ್ತಾಳೆ ಲೆನ್ಸೊಂದು ನನ್ನ ಕೈಗೆ ಬಂದಿದೆ. ಕೊಳವೆಯ ಮೇಲೆ ಫೋಗ್ಟ್‌ಲೆಂಡರ್ ಸಂಸ್ಥೆಯ ಹೆಸರನ್ನೂ ಬ್ರೌನ್‌ಶ್ವೈಗ್ ಎಂಬ ಊರಿನ ಹೆಸರನ್ನೂ ಕೆತ್ತಿದ್ದಾರೆ. ಮುಂದಿನ ಗಾಜಿನ ವ್ಯಾಸ ಸುಮಾರು 3 ಅಂಗುಲ ಇದೆ, ತೂಕ ಎರಡು ಕಿಲೋಗೆ ಹತ್ತಿರವಿದೆ, ಸಂಗಮದೂರ (ಫೋಕಲ್ ಲೆಂತ್) ನನ್ನ ಅಂದಾಜಿನಲ್ಲಿ 11 ಅಂಗುಲದ ಆಸುಪಾಸಿನಲ್ಲಿದೆ. ಫೋಕಸ್ ಮಾಡುವ ಹಲ್ಲುಪಟ್ಟಿ ಸಲೀಸಾಗಿ ಚಲಿಸುತ್ತದೆ. ಕೊಳವೆಯ ನಡುವೆ ಸ್ಟಾಪ್, ಅಂದರೆ ಬೆಳಕನ್ನು ತಗ್ಗಿಸುವ ರಂಧ್ರವಿರುವ ತಗಡು, ತೂರಿಸುವ ಸೀಳು ಇದೆ, ಆದರೆ ಸ್ಟಾಪ್‌ಗಳು ಒಂದೂ ಉಳಿದಿಲ್ಲ.

ಇದನ್ನು ಸಾಗುವಾನಿ ಮರದ 5×7 ಅಂಗುಲದ ಫೀಲ್ಡ್ ಕ್ಯಾಮೆರಾಗೆ ಅಳವಡಿಸಿ ಭಾವಚಿತ್ರಗಳನ್ನು ತೆಗೆಯಬೇಕೆಂಬುದು ನನ್ನ ಆಸೆ. ಮೊದಲ ತೊಡಕೆಂದರೆ ಲೆನ್ಸನ್ನು ಬೋರ್ಡಿಗೆ ಹಿಡಿಸುವ ಫ್ಲೇಂಜ್ ಕಳೆದುಹೋಗಿದೆ, ಮತ್ತು ಈಗಿನ ಯಾವ ಫ್ಲೇಂಜೂ ಇದರ ಥ್ರೆಡ್‌ಗೆ ಕೂರುತ್ತಿಲ್ಲ. ಹಿಂದಿನ ಎರಡು ಗಾಜುಗಳೂ ಅವುಗಳ ನಡುವಿನ ಉಂಗುರವೂ ಬಿಡಿಬಿಡಿಯಾಗಿ ಕಾಗದದ ಪೊಟ್ಟಣದಲ್ಲಿ ಬಂದಿದ್ದು, ಯಾವುದು ಮುಂದೆ, ಯಾವುದು ಹಿಂದೆ ಎಂಬುದು ಖಚಿತವಾಗಿ ತಿಳಿಯುತ್ತಿಲ್ಲ. ಮುಂದಿನ ಜೋಡಿ ಗಾಜಿನ ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಗೆರೆಗಳೂ ಸ್ವಲ್ಪ ಹಳದಿ ಛಾಯೆಯೂ ಕಾಣುತ್ತವೆ. ಹಿತ್ತಾಳೆಯೂ ಕಪ್ಪಿಟ್ಟಿದೆ, ಅದನ್ನು ಹೊಳೆಯುವಂತೆ ತಿಕ್ಕಬಹುದೇ ಎಂಬುದನ್ನೂ ತಿಳಿಯಬಯಸುತ್ತೇನೆ. ಅನುಭವವುಳ್ಳವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಗಾಜುಫಲಕ

ಮಲೆನಾಡಿಗರೇ, ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ಆಗುವ ಹಾನಿಯನ್ನು ಮತ್ತೆ ಸರಿಪಡಿಸಲಾಗುವುದಿಲ್ಲ. ದಯವಿಟ್ಟು ತಿಕ್ಕಬೇಡಿ. ಮನೆಯ ಹಿತ್ತಾಳೆ ಪಾತ್ರೆಗೆ ಹಾಕುವ ಹುಣಸೆಹಣ್ಣನ್ನಾಗಲಿ, ಅಂಗಡಿಯಲ್ಲಿ ಸಿಗುವ ಪಾಲಿಶ್ ಪುಡಿಯನ್ನಾಗಲಿ ಇದರ ಹತ್ತಿರ ತರಬೇಡಿ. ಆ ಕಾಲದ ತಯಾರಕರು ಹಿತ್ತಾಳೆಯ ಮೇಲೆ ಅರಗಿನಿಂದ ಮಾಡಿದ, ಹೊಂಬಣ್ಣದ ತೆಳುವಾದ ಲೇಪವನ್ನು ಬಿಸಿಯಲ್ಲಿ ಹಚ್ಚುತ್ತಿದ್ದರು. ಹುಳಿಯೂ ಅಮೋನಿಯಾ ಬೆರೆತ ಪಾಲಿಶ್‌ಗಳೂ ಆ ಲೇಪವನ್ನು ತಿಂದುಹಾಕುತ್ತವೆ, ತಿಕ್ಕಿದಷ್ಟೂ ಕೆತ್ತನೆಯ ಅಕ್ಷರಗಳು ಸವೆಯುತ್ತವೆ. ಸೌಮ್ಯವಾದ ಸಾಬೂನಿನ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ, ಗಾಜುಗಳನ್ನೆಲ್ಲ ಹೊರತೆಗೆದ ಮೇಲೆ, ಕೊಳವೆಯನ್ನು ಒರೆಸಿ ಒಣಗಿಸಿದರೆ ಸಾಕು.

ಈಗ ಗಾಜುಗಳ ವಿಷಯಕ್ಕೆ ಬರೋಣ. ಜೋಸೆಫ್ ಪೆಟ್ಸ್‌ವಾಲ್ ಅವರು 1840ರಲ್ಲಿ ವಿಯೆನ್ನಾದಲ್ಲಿ ಲೆಕ್ಕ ಹಾಕಿ ರೂಪಿಸಿದ, ಫೋಗ್ಟ್‌ಲೆಂಡರ್ ತಯಾರಿಸಿದ ಭಾವಚಿತ್ರದ ಲೆನ್ಸಿನ ದ್ಯುತಿರಂಧ್ರ (ಬೆಳಕು ಒಳಬರುವ ಬಾಯಿ) ಸುಮಾರು ಎಫ್/3.6 ಇತ್ತು. ಆರಂಭಕಾಲದ ಫೋಟೋ ಪದ್ಧತಿಯಾದ ಡಾಗೆರೊಟೈಪ್‌ನ ತಟ್ಟೆಯ ಮುಂದೆ ಜನ ಅಲುಗಾಡದೆ ಕೂರಬೇಕಾಗಿದ್ದ ಹೊತ್ತನ್ನು ಅದು ಬಹಳವಾಗಿ ಇಳಿಸಿತು. ಸಂಸ್ಥೆ ಬ್ರೌನ್‌ಶ್ವೈಗ್‌ಗೆ ಬಂದದ್ದು 1849ರಲ್ಲಿ, ಆದ್ದರಿಂದ ನಿಮ್ಮ ಲೆನ್ಸ್ ಅದಕ್ಕಿಂತ ಹಿಂದಿನದಲ್ಲ. ಸ್ಟಾಪಿನ ಸೀಳನ್ನು ಮಾತ್ರ ಕಾಲನಿರ್ಣಯಕ್ಕೆ ಪೂರ್ತಿಯಾಗಿ ನಂಬಬೇಡಿ: ಜಾನ್ ವಾಟರ್‌ಹೌಸ್ ಆ ಪದ್ಧತಿಯನ್ನು ಪ್ರಕಟಿಸಿದ್ದು 1858ರಲ್ಲಾದರೂ, ಅದಕ್ಕೂ ಮುಂಚಿನ ಎಷ್ಟೋ ಲೆನ್ಸುಗಳಿಗೆ ಮಾಲೀಕರು ಆಮೇಲೆ ಸೀಳು ಹಾಕಿಸಿಕೊಂಡಿದ್ದಾರೆ. ಸೀಳಿನ ಅಂಚು ಒರಟಾಗಿದ್ದರೆ ಅಥವಾ ಕೆತ್ತನೆಯ ಅಕ್ಷರವನ್ನು ಕತ್ತರಿಸಿಕೊಂಡು ಹೋಗಿದ್ದರೆ ಅದು ನಂತರದ ಕೆಲಸವೆಂದು ತಿಳಿಯಬಹುದು.

ನಿಮ್ಮ ಲೆನ್ಸಿನ ಈ ಪೆಟ್ಸ್‌ವಾಲ್ ರಚನೆಯಲ್ಲಿ ಮುಂದಿನ ಜೋಡಿ ಅಂಟಿಸಿದ್ದು, ಹಿಂದಿನ ಜೋಡಿ ನಡುವೆ ಗಾಳಿಯ ಅಂತರವಿರುವಂಥದ್ದು. ಮುಂದಿನ ಜೋಡಿಯ ಉಬ್ಬಿದ ಬದಿ ಕೂತಿರುವ ವ್ಯಕ್ತಿಯ ಕಡೆಗೂ, ಹೆಚ್ಚುಕಡಿಮೆ ಚಪ್ಪಟೆಯಾದ ಬದಿ ಕೊಳವೆಯ ಒಳಕ್ಕೂ ಇರಬೇಕು. ಹಿಂದಿನ ಎರಡರಲ್ಲಿ ನಡುವೆ ತೆಳ್ಳಗೂ ಅಂಚಿನಲ್ಲಿ ದಪ್ಪಗೂ ಇರುವುದು ಫ್ಲಿಂಟ್ ಗಾಜು. ಅದು ಮೊದಲು ಬರುತ್ತದೆ, ಅದರ ಉಬ್ಬಿದ ಮುಖ ಮುಂದಕ್ಕೆ, ತಗ್ಗಾದ ಮುಖ ಹಿಂದಕ್ಕೆ. ಅದರ ಹಿಂದೆ ಉಂಗುರ, ಉಂಗುರದ ಹಿಂದೆ ಎರಡೂ ಬದಿ ಉಬ್ಬಿರುವ ಕ್ರೌನ್ ಗಾಜು. ಕ್ರೌನ್ ಗಾಜಿನ ಎರಡು ಮುಖಗಳಲ್ಲಿ ಹೆಚ್ಚು ಉಬ್ಬಿರುವುದು ಫ್ಲಿಂಟ್‌ನ ತಗ್ಗಿಗೆ ಎದುರಾಗಿ ಕೂರಬೇಕು, ಕಡಿಮೆ ಉಬ್ಬಿರುವುದು ಕ್ಯಾಮೆರಾದ ಹಿಂದೆ ಬಿಂಬ ಮೂಡುವ ಗ್ರೌಂಡ್ ಗ್ಲಾಸಿನ ಕಡೆಗಿರಬೇಕು. ಲಂಡನ್ನಿನ ಲೆನ್ಸ್ ತಯಾರಕ ಡಾಲ್‌ಮೇಯರ್ 1866ರಲ್ಲಿ ಪೇಟೆಂಟ್ ಪಡೆದ ಲೆನ್ಸಿನಲ್ಲಿ ಹಿಂದಿನ ಗಾಜುಗಳ ಕ್ರಮ ತಿರುವುಮುರುವಾಗಿದೆ, ಆದ್ದರಿಂದ ಅದರ ಚಿತ್ರವನ್ನು ನೋಡಿ ಜೋಡಿಸಬೇಡಿ. ಉಂಗುರವನ್ನೂ ಬಿಡುವಂತಿಲ್ಲ, ಏಕೆಂದರೆ ಆ ಅಂತರವೂ ಲೆಕ್ಕದ ಒಂದು ಭಾಗವೇ ಆಗಿದೆ.

ಜೋಡಿಸಿದ ಮೇಲೆ ಕತ್ತಲೆ ಕೋಣೆಯಲ್ಲಿ ಕೆಲವು ಮೀಟರ್ ದೂರದಲ್ಲಿ ಚಿಕ್ಕ ಎಲ್‌ಇಡಿ ದೀಪವನ್ನಿಟ್ಟು, ಅದರ ಬಿಂಬವನ್ನು ಗ್ರೌಂಡ್ ಗ್ಲಾಸಿನ ನಟ್ಟನಡುವೆ ತಂದು ಭೂತಗನ್ನಡಿಯಿಂದ ನೋಡಿ. ಕ್ರಮ ಸರಿಯಿದ್ದರೆ ನಡುವಿನ ಬಿಂದು ಚೂಪಾಗಿ ನಿಲ್ಲುತ್ತದೆ, ಅಂಚಿಗೆ ಸರಿಸಿದಾಗ ಮಾತ್ರ ಕದಡುತ್ತದೆ. ನಡುವಿನಲ್ಲೇ ಬಿಂದುವಿನ ಸುತ್ತ ದಟ್ಟವಾದ ಪ್ರಭೆ ಉಳಿದು ಯಾವ ಸ್ಥಾನದಲ್ಲೂ ಚೂಪಾಗದಿದ್ದರೆ ಯಾವುದೋ ಒಂದು ಗಾಜು ತಿರುಗಿ ಕೂತಿದೆ ಎಂದೇ ಅರ್ಥ. ಸರಿಯಾದ ಕ್ರಮ ಸಿಕ್ಕ ಕೂಡಲೇ ಪ್ರತಿ ಗಾಜಿನ ಅಂಚಿನಲ್ಲಿ, ಮುಂದಿನ ಮುಖವನ್ನು ತೋರಿಸುವಂತೆ, ಪೆನ್ಸಿಲ್‌ನಿಂದ ಬಾಣದ ಗುರುತು ಹಾಕಿ.

ಬಣ್ಣದ ಗೆರೆಗಳು ಕಾಣುತ್ತಿರುವುದು ಕೆನಡಾ ಬಾಲ್ಸಮ್ ಎಂಬ ಮರದ ಅಂಟು ಅಂಚಿನಲ್ಲಿ ಬಿಟ್ಟುಕೊಂಡಿರುವುದರಿಂದ. ಅಂಚಿಗಷ್ಟೇ ಸೀಮಿತವಾಗಿದ್ದರೆ ಅದನ್ನು ಹಾಗೆಯೇ ಬಿಡಿ. ಚಿತ್ರದಲ್ಲಿ ಅದರ ಪರಿಣಾಮ ಕಾಣುವುದೇ ಅಪರೂಪ. ಫ್ಲಿಂಟ್ ಗಾಜಿನ ಮೇಲೆ ನಸುನೀಲಿ ಮಸುಕು ಕಂಡರೂ ಉಜ್ಜಬೇಡಿ. ಹೀಗೆ ಮಸುಕಾದ ಹಳೆಯ ಗಾಜುಗಳು ಬೆಳಕನ್ನು ಕಡಿಮೆಯಲ್ಲ, ಹೆಚ್ಚೇ ಒಳಗೆ ಬಿಡುತ್ತವೆ ಎಂಬುದನ್ನು ಬ್ರಿಟಿಷ್ ಲೆನ್ಸ್ ವಿನ್ಯಾಸಕ ಡೆನಿಸ್ ಟೇಲರ್ 1890ರ ದಶಕದಲ್ಲಿ ಗಮನಿಸಿದ್ದರು, ಇಂದಿನ ಲೆನ್ಸ್ ಲೇಪಗಳ ಹಿಂದಿರುವ ತತ್ತ್ವವೂ ಅದೇ.

ಪೀಣ್ಯದ ಲೇತ್

ಫ್ಲೇಂಜಿನ ಬಗ್ಗೆ ನಾನು ಹೇಳಬಲ್ಲೆ. ಹತ್ತೊಂಬತ್ತನೆಯ ಶತಮಾನದ ಬಹುಭಾಗದಲ್ಲಿ ಲೆನ್ಸ್ ಥ್ರೆಡ್‌ಗಳಿಗೆ ಎಲ್ಲರೂ ಒಪ್ಪಿದ ಅಳತೆ ಇರಲಿಲ್ಲ, ಒಬ್ಬೊಬ್ಬ ತಯಾರಕರದು ಒಂದೊಂದು. ಆದ್ದರಿಂದ ಹೊಂದುವ ಹಳೆಯ ಫ್ಲೇಂಜನ್ನು ಹುಡುಕುತ್ತಾ ಕೂರುವುದಕ್ಕಿಂತ ಹೊಸದನ್ನು ಮಾಡಿಸುವುದೇ ಒಳ್ಳೆಯದು, ಮತ್ತು ಒಳ್ಳೆಯ ಟರ್ನರ್ ಒಬ್ಬರು ಸಿಕ್ಕರೆ ಅದು ಕಷ್ಟದ ಕೆಲಸವೂ ಅಲ್ಲ.

ಥ್ರೆಡ್‌ನ ಹೊರವ್ಯಾಸವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಸುತ್ತಲೂ ಮೂರ್ನಾಲ್ಕು ಕಡೆ ಅಳೆಯಿರಿ. ಎಲ್ಲ ಕಡೆಯೂ ಒಂದೇ ಅಳತೆ ಬರದಿದ್ದರೆ ಕೊಳವೆ ಎಂದೋ ಬಿದ್ದು ಅಂಡಾಕಾರವಾಗಿದೆ, ಅದನ್ನು ಮೊದಲು ನೇರ್ಪಡಿಸಬೇಕು. ಅಂಗುಲಕ್ಕೆ ಎಷ್ಟು ಥ್ರೆಡ್ ಎಂಬುದನ್ನು ಥ್ರೆಡ್ ಗೇಜ್‌ನಿಂದ ನೋಡಿ. ಗೇಜ್ ಇಲ್ಲದಿದ್ದರೆ ತೆಳುವಾದ ಕಾಗದವನ್ನು ಥ್ರೆಡ್‌ನ ಮೇಲೆ ಒತ್ತಿಹಿಡಿದು ಪೆನ್ಸಿಲ್‌ನಿಂದ ಉಜ್ಜಿದರೆ ಗೆರೆಗಳು ಮೂಡುತ್ತವೆ, ಅವನ್ನು ಅಳತೆಪಟ್ಟಿಯ ಪಕ್ಕದಲ್ಲಿಟ್ಟು ಎಣಿಸಬಹುದು. ಸಂಖ್ಯೆ ಅಂಗುಲದಲ್ಲಿ ಸರಿಯಾಗಿ ಬಾರದಿದ್ದರೆ ಮಿಲಿಮೀಟರ್‌ನಲ್ಲಿ ನೋಡಿ. ಎರಡರಲ್ಲೂ ಕೂರದ ಥ್ರೆಡ್‌ಗಳೂ ಇವೆ, ಆಗ ಲೇತ್‌ನ ಗಿಯರ್ ಬದಲಿಸಿ ಹತ್ತಿರದ ಅಳತೆಗೆ ತರಬೇಕಾಗುತ್ತದೆ. ಫ್ಲೇಂಜಿನಲ್ಲಿ ಮೂರ್ನಾಲ್ಕು ಸುತ್ತು ಥ್ರೆಡ್ ಮಾತ್ರ ಹಿಡಿಯುವುದರಿಂದ ಕೂದಲೆಳೆಯ ವ್ಯತ್ಯಾಸವನ್ನು ಅದು ತಾಳಿಕೊಳ್ಳುತ್ತದೆ.

ಬೆಂಗಳೂರಿನಲ್ಲಿ ಎಸ್.ಜೆ.ಪಿ. ರಸ್ತೆಯ ಕಡೆ ದಪ್ಪ ಹಿತ್ತಾಳೆ ತಗಡು ಸಿಗುತ್ತದೆ. 8 ಮಿ.ಮೀ. ದಪ್ಪದ ತುಂಡಿನಿಂದ ಉಂಗುರ ಕಡೆಸಿ, ಒಳಗಿನ ಥ್ರೆಡ್ಡನ್ನು ಏಕಮೊನೆಯ ಟೂಲ್‌ನಿಂದ ಸ್ವಲ್ಪ ಸ್ವಲ್ಪವಾಗಿ ತೆಗೆಸಿ. ಮುಖ್ಯವಾದ ಮಾತೆಂದರೆ ಲೆನ್ಸಿನ ಕೊಳವೆಯನ್ನೇ ಗಾಜುಗಳಿಲ್ಲದೆ ಲೇತ್‌ನ ಬಳಿಗೆ ಒಯ್ದು, ಕಡೆಯುತ್ತಿರುವ ಉಂಗುರವನ್ನು ಲೇತ್‌ನ ಹಿಡಿಕೆಯಾದ ಚಕ್‌ನಿಂದ ಬಿಡಿಸದೆ, ಆಗಾಗ ತಿರುಗಿಸಿ ನೋಡಿಸಬೇಕು. ಕಾಗದದ ಮೇಲಿನ ಅಳತೆಯನ್ನಷ್ಟೇ ಕೊಟ್ಟು ಬಂದರೆ ಕೂರುವ ಫ್ಲೇಂಜ್ ಸಿಗುವುದು ಅದೃಷ್ಟದ ಮಾತಾಗುತ್ತದೆ. ಬಿಗಿಯಾಗಿ ಕೂರಿಸುವುದಕ್ಕಿಂತ ತುಸು ಸಡಿಲವಾಗಿರಲಿ, ಜೇನುಮೇಣ ಸವರಿದರೆ ಅಲುಗಾಡುವುದಿಲ್ಲ. ಹಿತ್ತಾಳೆಯ ಮೇಲೆ ಹಿತ್ತಾಳೆ ಒಣಗಿರುವಾಗ ಬಿಗಿಯಾಗಿ ತಿರುಗಿದರೆ ಒಂದನ್ನೊಂದು ಕಚ್ಚಿಕೊಳ್ಳುತ್ತವೆ.

ತ್ರೀ-ಡಿ ಪ್ರಿಂಟ್ ಮಾಡಿದ ಪ್ಲಾಸ್ಟಿಕ್ ಫ್ಲೇಂಜನ್ನು ಪರೀಕ್ಷೆಗೆ ಬಳಸಬಹುದು. ಆದರೆ ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್‌ನ ಹತ್ತಿರ ಮೆತ್ತಗಾಗುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಎರಡು ಕಿಲೋ ಭಾರವನ್ನು ಅದಕ್ಕೆ ಒಪ್ಪಿಸುವುದು ತರವಲ್ಲ. ಇನ್ನು ಅರಾಲ್ಡೈಟ್ ಹಾಕಿ ಕೊಳವೆಯನ್ನು ಬೋರ್ಡಿಗೆ ಅಂಟಿಸುವ ಸಲಹೆಯನ್ನು ಯಾರಾದರೂ ಕೊಟ್ಟರೆ ಖಂಡಿತ ಕೇಳಬೇಡಿ.

ಕಪ್ಪುಬಿಳುಪು

ಗಾಜುಫಲಕ ಅವರು ಹೇಳಿದ್ದನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಬಾಲ್ಸಮ್ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. ಅಂಟು ಬಿಟ್ಟುಕೊಂಡಿರುವುದು ಅಂಚಿನಿಂದ ನಡುವಿಗೆ ಹರಡುತ್ತಾ ಬಂದಿದ್ದರೆ, ಲೆನ್ಸಿನ ಮುಂಭಾಗಕ್ಕೆ ಕಿಟಕಿಯ ಬೆಳಕು ಬಿದ್ದಾಗ ಚಿತ್ರದಲ್ಲಿ ಕಪ್ಪು ಭಾಗ ಬೂದುಬಣ್ಣವಾಗುತ್ತದೆ, ಆಗ ಮತ್ತೆ ಅಂಟಿಸದೆ ಗತಿಯಿಲ್ಲ. ಎರಡೂ ಗಾಜುಗಳ ಅಂಚಿಗೆ ಅಡ್ಡಲಾಗಿ ಅಳಿಯದ ಗುರುತು ಹಾಕಿ, ತಣ್ಣೀರಿನಲ್ಲಿ ಬಟ್ಟೆಯ ಮೇಲಿಟ್ಟು, ಗಂಟೆಗಟ್ಟಲೆ ಬಹಳ ನಿಧಾನವಾಗಿ ಬಿಸಿ ಮಾಡಿದರೆ ಬಾಲ್ಸಮ್ ಮೆತ್ತಗಾಗಿ ಗಾಜುಗಳು ಜಾರುತ್ತವೆ, ಆರಿಸುವುದೂ ಅಷ್ಟೇ ನಿಧಾನವಾಗಿರಬೇಕು. ಕ್ರೌನ್ ಮತ್ತು ಫ್ಲಿಂಟ್ ಗಾಜುಗಳು ಬಿಸಿಗೆ ಹಿಗ್ಗುವ ಪ್ರಮಾಣ ಬೇರೆ ಬೇರೆ, ಅವಸರ ಮಾಡಿದರೆ ಒಡೆಯುತ್ತವೆ. ಅಲ್ಟ್ರಾವಯೊಲೆಟ್ ಬೆಳಕಿನಲ್ಲಿ ಗಟ್ಟಿಯಾಗುವ ಈಗಿನ ಅಂಟುಗಳು ಸುಲಭವಾದರೂ, ಮುಂದೆ ಬಿಡಿಸಬೇಕಾದವರ ಕಷ್ಟವನ್ನು ನೆನೆದು ನಾನು ಬಾಲ್ಸಮ್ಮನ್ನೇ ಬಳಸುತ್ತೇನೆ.

ಅಳತೆಯ ಬಗ್ಗೆ: ಕೊಳವೆಯ ಯಾವ ಜಾಗದಿಂದ ಅಳೆಯಬೇಕೆಂಬ ಗೊಂದಲವಿಲ್ಲದೆ ಸಂಗಮದೂರವನ್ನು ತಿಳಿಯಲು, ಬಹುದೂರದ ವಸ್ತುವಿಗೆ ಫೋಕಸ್ ಮಾಡಿದಾಗ ಗ್ರೌಂಡ್ ಗ್ಲಾಸ್ ಇರುವ ಸ್ಥಾನವನ್ನೂ, ವಸ್ತುವಿನ ಗಾತ್ರಕ್ಕೆ ಸರಿಸಮನಾದ ಬಿಂಬ ಬಂದಾಗಿನ ಸ್ಥಾನವನ್ನೂ ಗುರುತಿಸಿ. ಎರಡರ ನಡುವಿನ ಅಂತರವೇ ಸಂಗಮದೂರ. ನಿಮ್ಮ ಅಂದಾಜು ಸರಿಯಾದರೆ ಅದು 280 ಮಿ.ಮೀ. ಆಗಿ, ದ್ಯುತಿರಂಧ್ರ ಎಫ್/3.7ರ ಹತ್ತಿರ ಬರುತ್ತದೆ. ಪೆಟ್ಸ್‌ವಾಲ್ ರಚನೆ ಚೊಕ್ಕವಾಗಿ ಮೂಡಿಸುವ ಕೋನ 25ರಿಂದ 30 ಡಿಗ್ರಿ ಮಾತ್ರ. 5×7ರ ಕರ್ಣಕ್ಕೆ 42 ಡಿಗ್ರಿಗಿಂತ ಹೆಚ್ಚು ಬೇಕು, ಹಾಗಾಗಿ ಮೂಲೆಗಳಲ್ಲಿ ಹಿನ್ನೆಲೆ ಸುಳಿಯಂತೆ ತಿರುಗುವುದನ್ನೂ ಬೆಳಕು ಇಳಿಯುವುದನ್ನೂ ನಿರೀಕ್ಷಿಸಬೇಕು. ನನಗೆ ಅದು ದೋಷವೆನಿಸುವುದಿಲ್ಲ, ಮುಖವನ್ನು ನಡುವಿನಲ್ಲೇ ಇಟ್ಟು ಚಿತ್ರ ಕಟ್ಟುವುದನ್ನು ಈ ಲೆನ್ಸ್ ಕಲಿಸುತ್ತದೆ.

ಶಟರ್‌ಗಾಗಿ ಕೂಡಲೇ ಹಣ ಹಾಕಬೇಡಿ. ಫೋಟೋ ಕಾಗದವನ್ನೇ ನೆಗೆಟಿವ್ ಆಗಿ ಬಳಸಿ, ಅದರ ವೇಗವನ್ನು ಐಎಸ್‌ಒ 6 ಎಂದಿಟ್ಟುಕೊಂಡರೆ, ಸಾಧಾರಣ ಕಿಟಕಿ ಬೆಳಕಿನಲ್ಲಿ ಪೂರ್ಣ ತೆರೆದ ಲೆನ್ಸಿಗೆ ಸುಮಾರು 2 ಸೆಕೆಂಡು ಬೇಕಾಗುತ್ತದೆ. ನಿಜಗಾತ್ರದ ಕಾಲುಭಾಗಕ್ಕೆ ಮುಖ ತೆಗೆಯುವಾಗ ಬೆಲ್ಲೋಸ್ (ಕ್ಯಾಮೆರಾದ ಮಡಿಕೆಗಳ ಚೀಲ) 350 ಮಿ.ಮೀ.ವರೆಗೆ ಚಾಚುವುದರಿಂದ ಅದು 3 ಸೆಕೆಂಡಿಗೆ ಏರುತ್ತದೆ. ಇಷ್ಟು ಹೊತ್ತನ್ನು ಮುಚ್ಚಳ ತೆಗೆದು ಹಾಕಿಯೇ ನಿಭಾಯಿಸಬಹುದು. ಐಎಸ್‌ಒ 100ರ ಫಿಲ್ಮ್ ಬಳಸುವುದಾದರೆ ರಬ್ಬರ್ ಗಾಳಿಚೆಂಡನ್ನು ಒತ್ತಿ ನಡೆಸುವ ಪ್ಯಾಕರ್ಡ್ ಶಟರ್ ಅಥವಾ ಲೆನ್ಸಿನ ಮುಂದೆ ಕೂರುವ ಥಾರ್ನ್‌ಟನ್-ಪಿಕಾರ್ಡ್ ಬಟ್ಟೆ ಶಟರ್ ಬೇಕಾಗುತ್ತದೆ. ಕೊಳ್ಳುವ ಮುನ್ನ ಅದರ ಬಾಯಿ ನಿಮ್ಮ ಲೆನ್ಸಿಗಿಂತ ಅಗಲವಿದೆಯೇ ಎಂದು ನೋಡಿಕೊಳ್ಳಿ.

ಮಲೆನಾಡಿಗ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಗಾಜುಫಲಕ ಅವರು ತಿಳಿಸಿದ ಕ್ರಮದಲ್ಲಿ ಹಿಂದಿನ ಗಾಜುಗಳನ್ನು ಕೂರಿಸಿದೆ, ದೀಪದ ಬಿಂದು ನಡುವಿನಲ್ಲಿ ಚೂಪಾಗಿ ನಿಂತಿತು. ಬಾಲ್ಸಮ್ ಬಿಟ್ಟುಕೊಂಡಿರುವುದು ಅಂಚಿನ ಕೆಲವೇ ಮಿಲಿಮೀಟರ್ ಆದ್ದರಿಂದ ಮುಟ್ಟುವುದಿಲ್ಲ. ಫ್ಲೇಂಜ್ ಕೆಲಸಕ್ಕೆ ಕೊಳವೆಯನ್ನು ಒಯ್ಯುವ ಮೊದಲು ಎರಡು ವಿಷಯ ತಿಳಿಯಬೇಕಿದೆ. ಇಷ್ಟು ಭಾರವನ್ನು ಫೀಲ್ಡ್ ಕ್ಯಾಮೆರಾದ ಮುಂಭಾಗ ತಡೆಯುತ್ತದೆಯೇ? ಕಳೆದುಹೋದ ಸ್ಟಾಪ್‌ಗಳನ್ನು ನಾನೇ ಮಾಡಿಕೊಂಡರೆ ಅವುಗಳ ಎಫ್ ಸಂಖ್ಯೆಯನ್ನು ಲೆಕ್ಕ ಹಾಕುವುದು ಹೇಗೆ?

ಗಾಜುಫಲಕ

ಬೋರ್ಡನ್ನು 12 ಮಿ.ಮೀ. ಪ್ಲೈವುಡ್‌ನಲ್ಲಿ ಮಾಡಿಸಿ, ಫ್ಲೇಂಜಿನ ಅಡಿಯಲ್ಲಿ ಕಪ್ಪು ಮಖಮಲ್ಲಿನ ಉಂಗುರವನ್ನಿಟ್ಟು ಹಿತ್ತಾಳೆ ಸ್ಕ್ರೂಗಳಿಂದ ಬಿಗಿಯಿರಿ. ಆದರೆ ಭಾರವನ್ನು ಬೋರ್ಡಿಗಷ್ಟೇ ಬಿಡಬೇಡಿ. ಕೊಳವೆಯ ಮುಂಭಾಗ ಒರಗುವಂತೆ ಅರ್ಧಚಂದ್ರಾಕಾರವಾಗಿ ಕೊರೆದ ಮರದ ಊರುಗೋಲೊಂದನ್ನು ಮಾಡಿಸಿ, ಅದು ಲೆನ್ಸಿನೊಂದಿಗೇ ಸರಿಯುವಂತೆ ಮುಂಭಾಗದ ಚೌಕಟ್ಟಿನ ಬುಡಕ್ಕೆ ಹಿಡಿಸಿ. ಹಳೆಯ ಮರದ ಕೀಲುಗಳು ಸಡಿಲವಾಗಿದ್ದರೆ, ಮುಚ್ಚಳ ತೆಗೆಯುವಾಗಿನ ಅಲುಗಾಟಕ್ಕೇ ಚಿತ್ರ ಕೆಡುತ್ತದೆ.

ಸ್ಟಾಪಿನ ರಂಧ್ರದ ವ್ಯಾಸದಿಂದ ಸಂಗಮದೂರವನ್ನು ನೇರವಾಗಿ ಭಾಗಿಸಿದರೆ ಸರಿಯಾದ ಎಫ್ ಸಂಖ್ಯೆ ಬರುವುದಿಲ್ಲ, ಏಕೆಂದರೆ ಮುಂದಿನ ಜೋಡಿ ಗಾಜು ಆ ರಂಧ್ರವನ್ನು ದೊಡ್ಡದಾಗಿ ತೋರಿಸುತ್ತದೆ, ಬೆಳಕಿನ ಲೆಕ್ಕಕ್ಕೆ ಬೇಕಾದದ್ದು ಹಾಗೆ ಕಾಣುವ ವ್ಯಾಸವೇ. ಕ್ಯಾಮೆರಾವನ್ನು ದೂರದ ವಸ್ತುವಿಗೆ ಫೋಕಸ್ ಮಾಡಿ, ಗ್ರೌಂಡ್ ಗ್ಲಾಸಿನ ಜಾಗದಲ್ಲಿ ನಡುವೆ ಸೂಜಿರಂಧ್ರವಿರುವ ಕಪ್ಪು ರಟ್ಟನ್ನಿಟ್ಟು, ಕತ್ತಲಲ್ಲಿ ಅದರ ಹಿಂದಿನಿಂದ ಬಲವಾದ ದೀಪ ಹಚ್ಚಿ. ಲೆನ್ಸಿನ ಮುಂದೆ ಟ್ರೇಸಿಂಗ್ ಕಾಗದ ಹಿಡಿದರೆ ಬೆಳಕಿನ ದುಂಡನೆಯ ಬಿಲ್ಲೆ ಮೂಡುತ್ತದೆ. ಸಂಗಮದೂರವನ್ನು ಆ ಬಿಲ್ಲೆಯ ವ್ಯಾಸದಿಂದ ಭಾಗಿಸಿ ಬಂದ ಸಂಖ್ಯೆಯನ್ನೇ ಸ್ಟಾಪಿನ ಮೇಲೆ ಬರೆಯಿರಿ. 280 ಮಿ.ಮೀ. ಲೆನ್ಸಿಗೆ ಬಿಲ್ಲೆ 50 ಮಿ.ಮೀ. ಬಂದರೆ ಅದು ಎಫ್/5.6.

ಮೊದಲು ಕಪ್ಪು ರಟ್ಟಿನಲ್ಲಿ ಮಾಡಿ ನೋಡಿ, ಅಳತೆ ಸರಿಹೊಂದಿದ ಮೇಲೆ ತೆಳುವಾದ ಹಿತ್ತಾಳೆ ತಗಡಿನಲ್ಲಿ ಕತ್ತರಿಸಿ ಎರಡೂ ಬದಿಗೆ ಮಬ್ಬುಗಪ್ಪು ಬಣ್ಣ ಬಳಿಯಿರಿ. ಸ್ಟಾಪ್ ಹಾಕದೆ ತೆಗೆಯುವಾಗ ಸೀಳಿನ ಮೂಲಕ ಬೆಳಕು ಒಳಗೆ ನುಗ್ಗಿ ನೆಗೆಟಿವ್‌ನ ಮೇಲೆ ಮಂಜು ಕವಿಸುತ್ತದೆ, ಆದ್ದರಿಂದ ಅದರ ಮೇಲೆ ಅಗಲವಾದ ಕಪ್ಪು ರಬ್ಬರ್ ಪಟ್ಟಿಯೊಂದನ್ನು ಸುತ್ತಿ. ಅಂಟು ಟೇಪ್ ಬೇಡ, ಅದನ್ನು ಕೀಳುವಾಗ ಹಳೆಯ ಲೇಪವೂ ಜೊತೆಗೆ ಎದ್ದುಬರುತ್ತದೆ.